ಟೇಲ್‌ಗೇಟ್: ಗಾಡಿಯ ಹಿಂಬಾಗಿಲಲ್ಲಿ ಶುರುವಾಗುವ ಹಬ್ಬ

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಈ ಪದ ಹೊಸದೇನಲ್ಲ. ಕಾರ್ಡ್ ತೋರಿಸಿದರೆ ಮಾತ್ರ ತೆರೆಯುವ ಬಾಗಿಲ ಪಕ್ಕ ಒಂದು ಫಲಕ ಇರುತ್ತದೆ: ‘ನೋ ಟೇಲ್‌ಗೇಟಿಂಗ್’. ಮುಂದಿನವರು ಕಾರ್ಡ್ ಉಜ್ಜಿ ಬಾಗಿಲು ತೆರೆದಾಗ ಅವರ ಬೆನ್ನ ಹಿಂದೆಯೇ ನುಸುಳಬೇಡಿ ಅಂತ ಅದರ ಅರ್ಥ. ನಾನೂ ಈ ಪದವನ್ನು ಹೀಗೇ, ಒಂದು ತಪ್ಪಿನ ಹೆಸರಾಗಿ ಕಲಿತವಳು. ಅದಕ್ಕೇ ಅಮೆರಿಕದ ಮಿಷಿಗನ್‌ನಲ್ಲಿ ಓದುತ್ತಿದ್ದ ತಮ್ಮ “ಶನಿವಾರ ಫೋನ್ ಮಾಡಬೇಡಿ, ಬೆಳಗ್ಗೆಯಿಂದ ಟೇಲ್‌ಗೇಟ್ ಇದೆ” ಅಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಅಮ್ಮನಿಗೆ ಕೇಳಿಸಿದ್ದು ಗೇಟ್ ಅನ್ನೋದು ಮಾತ್ರ. “ಗೇಟಿನ ಹತ್ರ ಇಡೀ ದಿನ ಏನು ಕೆಲಸ ಇವನಿಗೆ?” ಅಂದರು.

ಕೆಲಸ ಇತ್ತು. ತಿನ್ನುವ ಕೆಲಸ.

ಮೊದಲು ಪದ ನೋಡೋಣ. ಟೇಲ್ ಅಂದರೆ ಬಾಲ. ಗಾಡಿಯ ಬಾಲದ ಕಡೆ ಇರುವ ಬಾಗಿಲೇ ಟೇಲ್‌ಗೇಟ್. ಹಿಂದೆ ಕುದುರೆ ಗಾಡಿಗಳಿಗೆ ಇತ್ತು, ಈಗ ಅಮೆರಿಕದ ಪಿಕಪ್ ಟ್ರಕ್‌ಗಳಿಗೆ ಇದೆ. ಕೀಲು ಕೆಳಗಡೆ, ಕೊಂಡಿ ಮೇಲುಗಡೆ. ಕೊಂಡಿ ಬಿಚ್ಚಿದರೆ ಹಲಗೆ ಹಿಂದಕ್ಕೆ ಬಾಗುತ್ತದೆ. ನಮ್ಮ ಟ್ರ್ಯಾಕ್ಟರ್ ಟ್ರೇಲರ್‌ಗೆ, ಲಾರಿಗೆ ಇರುತ್ತದಲ್ಲ, ಅದೇ ಜಾತಿ. ಪಿಕಪ್‌ನಲ್ಲಿ ಅದು ಅಡ್ಡಡ್ಡ ಮಲಗಿ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಅದು ಬಾಗಿಲಲ್ಲ, ಜಗಲಿ. ಕಾಲು ಇಳಿಬಿಟ್ಟು ಕೂರಬಹುದು, ತಟ್ಟೆ ಇಡಬಹುದು, ಈರುಳ್ಳಿ ಹೆಚ್ಚಬಹುದು.

ಈ ಒಂದು ಹಲಗೆ ಹೆತ್ತ ಅರ್ಥಗಳು ಬೇರೆ ಬೇರೆ ಊರಿನವು. ಮುಂದಿನ ಗಾಡಿಯ ಟೇಲ್‌ಗೇಟಿಗೆ ಮೂತಿ ತಾಗಿಸುವಷ್ಟು ಹತ್ತಿರ ಕಾರು ಓಡಿಸುವುದೂ ಟೇಲ್‌ಗೇಟಿಂಗ್. ಕಚೇರಿ ಬಾಗಿಲಿನ ಫಲಕ ಆ ಅರ್ಥದ ಮರಿ. ಇನ್ನೊಂದು ಜಾಝ್ ಸಂಗೀತದ್ದು, ನನಗೆ ಬಹಳ ಇಷ್ಟವಾದದ್ದು. ನ್ಯೂ ಆರ್ಲಿಯನ್ಸ್‌ನಲ್ಲಿ ವಾದ್ಯದವರು ಗಾಡಿ ಮೇಲೆ ಕೂತು ಬೀದಿ ಬೀದಿ ಸುತ್ತುತ್ತಿದ್ದರು. ಟ್ರೊಂಬೋನ್ ನುಡಿಸುವವನು ಉದ್ದದ ಕೊಳವೆಯನ್ನು ಹಿಂದೆ ಮುಂದೆ ಎಳೆಯಬೇಕು. ಮಧ್ಯದಲ್ಲಿ ಕೂತರೆ ಪಕ್ಕದವನ ತಲೆಗೆ ಬೀಳುತ್ತದೆ. ಅದಕ್ಕೆ ಅವನನ್ನು ಹಿಂಬಾಗಿಲಿಗೆ ಕೂರಿಸುತ್ತಿದ್ದರು. ಆ ಶೈಲಿಗೆ ಇವತ್ತಿಗೂ ‘ಟೇಲ್‌ಗೇಟ್ ಟ್ರೊಂಬೋನ್’ ಅಂತಲೇ ಹೆಸರು.

ನನ್ನ ತಮ್ಮನ ಟೇಲ್‌ಗೇಟ್ ಮಾತ್ರ ಕಾಲೇಜು ಫುಟ್‌ಬಾಲ್‌ನದು. ಆಟದ ದಿನ ಕ್ರೀಡಾಂಗಣದ ಹೊರಗೆ ಗಾಡಿ ನಿಲ್ಲಿಸಿ, ಹಿಂಬಾಗಿಲು ಇಳಿಸಿ, ಒಲೆ ಹಚ್ಚಿ, ಬಂದವರಿಗೆಲ್ಲ ಬಡಿಸಿ, ಆಮೇಲೆ ಆಟಕ್ಕೆ ಹೋಗುವುದು. ಫುಟ್‌ಬಾಲ್ ಅಂದರೆ ಇಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಅಮೆರಿಕನ್ ಆಟ.

ಇದನ್ನು ಮೊದಲು ಶುರು ಮಾಡಿದ್ದು ಯಾರು ಅನ್ನುವ ಜಗಳ ಮುಗಿಯುವಂಥದ್ದಲ್ಲ. ಕೆಲವರು 1861ಕ್ಕೆ ಹೋಗುತ್ತಾರೆ. ಅಮೆರಿಕದ ಅಂತರ್ಯುದ್ಧದಲ್ಲಿ, ಆ ವರ್ಷದ ಜುಲೈ 21ರಂದು, ಬುಲ್ ರನ್ ಅನ್ನುವಲ್ಲಿ ಕಾಳಗ ನಡೆಯಿತು. ಅದನ್ನು ನೋಡಲು ವಾಷಿಂಗ್ಟನ್‌ನ ಜನ ಊಟದ ಬುಟ್ಟಿ ಕಟ್ಟಿಕೊಂಡು ಗಾಡಿಗಳಲ್ಲಿ ಹೋಗಿದ್ದರು. ಅವರ ಕಡೆಯ ಸೈನ್ಯ ಸೋತು ಓಡಿತು, ಬುಟ್ಟಿ ತಂದವರೂ ಅದೇ ದಾರಿಯಲ್ಲಿ ಓಡಿದರು. ಇದೇ ಮೊದಲ ಟೇಲ್‌ಗೇಟ್ ಅನ್ನುವ ಮಾತು ನನಗೆ ಯಾಕೋ ಒಗ್ಗುವುದಿಲ್ಲ. ಹಾಗೆ ನೋಡಿದರೆ ಬುತ್ತಿ ಕಟ್ಟಿಕೊಂಡು ಹೋದದ್ದೆಲ್ಲ ಟೇಲ್‌ಗೇಟ್ ಆಗಬೇಕಲ್ವಾ? ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯದ ಲೆಕ್ಕ ಮಾತ್ರ ಖಚಿತ. 1869ರ ನವೆಂಬರ್ 6, ನ್ಯೂ ಜೆರ್ಸಿ. ರಟ್ಗರ್ಸ್ ಕಾಲೇಜು ಪ್ರಿನ್ಸ್‌ಟನ್ ಅನ್ನು 6-4ರಿಂದ ಸೋಲಿಸಿತು. ರಟ್ಗರ್ಸ್ ಹುಡುಗರು ಗುರುತಿಗೆ ತಲೆಗೆ ಕಡುಗೆಂಪು ಬಟ್ಟೆ ಸುತ್ತಿಕೊಂಡಿದ್ದರು. ಮೈಮೇಲೆ ಕಾಲೇಜಿನ ಬಣ್ಣ ತೊಡುವ ಚಾಳಿ ಆಟದಷ್ಟೇ ಹಳೆಯದು.

ಈ ಬಣ್ಣದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಮ್ಮ ಇದ್ದದ್ದು ಆನ್ ಆರ್ಬರ್ ಊರಿನಲ್ಲಿ. ಮಿಷಿಗನ್ ವಿಶ್ವವಿದ್ಯಾಲಯದ ಬಣ್ಣ ನೀಲಿ ಮತ್ತು ‘ಮೇಜ್’, ಅಂದರೆ ಮೆಕ್ಕೆಜೋಳದ ಹಳದಿ. ಅವರ ದೊಡ್ಡ ಎದುರಾಳಿ ಪಕ್ಕದ ರಾಜ್ಯದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ, ಅದರ ಬಣ್ಣ ಕೆಂಪು. ಅಲ್ಲಿ ಚಳಿ ಜಾಸ್ತಿ ಅಂತ ಅಮ್ಮ ಒಂದು ಒಳ್ಳೆಯ ಕೆಂಪು ಸ್ವೆಟರ್ ಕಳಿಸಿದ್ದರು. ನವೆಂಬರ್ ಕೊನೆಯ ಶನಿವಾರ, ಓಹಾಯೋ ವಿರುದ್ಧ ಆಟದ ದಿನ, ಅವನು ಅದನ್ನು ಹಾಕಿಕೊಂಡು ಹೊರಟಿದ್ದನಂತೆ. ಜೊತೆಯಲ್ಲಿದ್ದವನು ಬಾಗಿಲಲ್ಲೇ ತಡೆದು ತನ್ನ ನೀಲಿ ಜಾಕೆಟ್ ಕೊಟ್ಟ. ಇದು ಅತಿಯಾಯ್ತು ಅನ್ನಿಸಿದರೆ ಕೇಳಿ: ಆ ವಾರ ಓಹಾಯೋ ಕಡೆಯವರು ತಮ್ಮ ಕ್ಯಾಂಪಸ್‌ನ ಫಲಕಗಳಲ್ಲಿ ‘ಎಂ’ ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪಿನಿಂದ ಕಾಟು ಹೊಡೆಯುತ್ತಾರೆ. ಮಿಷಿಗನ್ ‘ಎಂ’ನಿಂದ ಶುರುವಾಗುತ್ತದೆ ಅನ್ನುವುದಷ್ಟೇ ಆ ಅಕ್ಷರ ಮಾಡಿದ ತಪ್ಪು.

ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದು ಸಂಭ್ರಮ ಯಾಕೆ? ಊರಿನ ಅಳತೆ ನೋಡಿದರೆ ಗೊತ್ತಾಗುತ್ತದೆ. ಆನ್ ಆರ್ಬರ್‌ನ ಜನಸಂಖ್ಯೆ ಸುಮಾರು 1.2 ಲಕ್ಷ. ಅಲ್ಲಿನ ಮಿಷಿಗನ್ ಸ್ಟೇಡಿಯಂನಲ್ಲಿ ಕೂರಬಹುದಾದವರು 1,07,601 ಮಂದಿ. ಹೆಚ್ಚುಕಡಿಮೆ ಊರನ್ನೇ ಎತ್ತಿ ಒಳಗೆ ಕೂರಿಸಬಹುದು. ಒಂದು ತಂಡಕ್ಕೆ ವರ್ಷಕ್ಕೆ ಸಾಮಾನ್ಯವಾಗಿ 12 ಪಂದ್ಯ, ಅದರಲ್ಲಿ ಸ್ವಂತ ಊರಿನಲ್ಲಿ ನಡೆಯುವುದು ಆರೋ ಏಳೋ. ಹೆಚ್ಚಿನವು ಶನಿವಾರವೇ. ಶುಕ್ರವಾರ ಹೈಸ್ಕೂಲಿನವರದು, ಭಾನುವಾರ ವೃತ್ತಿಪರ ತಂಡಗಳದು ಅಂತ ಅಲ್ಲಿ ವಾರವನ್ನೇ ಹಂಚಿಕೊಂಡಿದ್ದಾರೆ. ಹಾಗಾಗಿ ವರ್ಷದ ಆ ಆರೇಳು ಶನಿವಾರಗಳಿಗೆ ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬರುತ್ತಾರೆ. ಜಾತ್ರೆಗೆ ಊರು ಬಿಟ್ಟವರು ಬರುವ ಹಾಗೆ.

ಜಾತ್ರೆಯ ತಾರೀಖು ಪಂಚಾಂಗದಲ್ಲಿ ಇರುತ್ತದೆ. ಇಲ್ಲಿ ತಾರೀಖು ಮೊದಲೇ ಗೊತ್ತು, ಗಂಟೆ ಮಾತ್ರ ಟಿವಿಯವರ ಕೈಯಲ್ಲಿ. ಎಷ್ಟೋ ಪಂದ್ಯಗಳ ಸಮಯ 12 ದಿನ ಮುಂಚೆ, ಕೆಲವೊಮ್ಮೆ ಬರೀ 6 ದಿನ ಮುಂಚೆ ಹೊರಬೀಳುತ್ತದೆ. ಅದರ ಮೇಲೆ ಅಡುಗೆಯೇ ಬದಲಾಗುತ್ತದೆ. ಮಧ್ಯಾಹ್ನ 12ಕ್ಕೆ ಆಟ ಅಂದರೆ ಬೆಳಗಿನ ಜಾವವೇ ಗಾಡಿ ಹೊರಡಬೇಕು, ಮೊಟ್ಟೆ, ಕಾಫಿ, ಡೋನಟ್. ರಾತ್ರಿ ಆಟ ಅಂದರೆ ಇಡೀ ದಿನ ಕೈಯಲ್ಲಿದೆ. ಹಂದಿಯ ಭುಜದ ದೊಡ್ಡ ತುಂಡನ್ನು ಹೊಗೆಯ ಒಲೆಯಲ್ಲಿ ಸಣ್ಣ ಬಿಸಿಯಲ್ಲಿ ಹತ್ತು ಹನ್ನೆರಡು ಗಂಟೆ ಬೇಯಿಸಿ, ಎಳೆ ಎಳೆ ಬಿಡಿಸಿ ಬನ್ನಿಗೆ ತುಂಬುವುದು ಇಂಥ ದಿನಗಳ ಅಡುಗೆ. ಅದಕ್ಕೆ ಒಬ್ಬರು ಶುಕ್ರವಾರ ರಾತ್ರಿಯೇ ಎದ್ದಿರಬೇಕು. ಆ ಕೆಲಸಕ್ಕೆ ಜಗಳವಾಡಿ ಮುಂದೆ ಬರುವವರೇ ಜಾಸ್ತಿಯಂತೆ.

ಉಳಿದ ತಯಾರಿ ಮದುವೆ ಮನೆಯ ಸಾಮಾನು ಪಟ್ಟಿಯ ಹಾಗೆ ಬೆಳೆಯುತ್ತದೆ. ಪಾರ್ಕಿಂಗ್ ಪಾಸ್ ಎಲ್ಲಕ್ಕಿಂತ ಮುಖ್ಯ, ಕೆಲವರಿಗೆ ಆಟದ ಟಿಕೆಟ್‌ಗಿಂತಲೂ. ಹತ್ತಡಿ ಅಗಲದ ಮಡಚುವ ಟೆಂಟು. ಐಸ್ ತುಂಬಿದ ಪೆಟ್ಟಿಗೆ, ಮಡಚುವ ಕುರ್ಚಿ, ಗ್ಯಾಸಿನದೋ ಇದ್ದಿಲಿನದೋ ಒಲೆ. ಬೇರೆ ಊರಿನ ಪಂದ್ಯಗಳನ್ನು ನೋಡಲು ಟಿವಿ, ಅದಕ್ಕೊಂದು ಜನರೇಟರ್. ಒಂದು ಉದ್ದದ ಕೋಲು ಮತ್ತು ಬಾವುಟ. ಬಾವುಟ ಸುಮ್ನೆ ಅಲಂಕಾರಕ್ಕಲ್ಲ. ಸಾವಿರ ಟೆಂಟುಗಳ ನಡುವೆ ನಿಮ್ಮ ಟೆಂಟು ಯಾವುದು ಅಂತ ಫೋನಿನಲ್ಲಿ ಹೇಳಲು ಬೇರೆ ದಾರಿ ಇರುವುದಿಲ್ಲ. ಆಟಕ್ಕೆ ಮುಂಚೆ ಆಡಲು ಕಾರ್ನ್‌ಹೋಲ್ ಇರಬೇಕು: ಓರೆ ಹಲಗೆಯಲ್ಲಿ ಆರಿಂಚಿನ ತೂತು, 27 ಅಡಿ ದೂರದಿಂದ ಚೀಲ ಎಸೆಯುವುದು. ತೂತಿಗೆ ಬಿದ್ದರೆ 3 ಅಂಕ, ಹಲಗೆ ಮೇಲೆ ನಿಂತರೆ 1. ನಮ್ಮ ಕಡೆ ಮಕ್ಕಳಿಗೆ ಐದು ನಿಮಿಷದಲ್ಲಿ ಕಲಿಸಬಹುದು.

ತಮ್ಮ ಹೋಗುತ್ತಿದ್ದ ಜಾಗ ಸ್ಟೇಡಿಯಂ ಎದುರಿನ ಗಾಲ್ಫ್ ಮೈದಾನ. ಬೇರೆ ದಿನ ಚಪ್ಪಲಿ ಗುರುತೂ ಬೀಳದಂತೆ ಕಾಯುವ ಹುಲ್ಲಿನ ಮೇಲೆ ಅವತ್ತು ಸಾಲು ಸಾಲು ಕಾರು.

ಆದರೆ ಪದ ಎಷ್ಟು ದೂರ ಬಂದಿದೆ ಅಂತ ತಿಳಿಯಬೇಕಾದರೆ ಮಿಸಿಸಿಪ್ಪಿ ರಾಜ್ಯದ ಆಕ್ಸ್‌ಫರ್ಡ್‌ಗೆ ಹೋಗಬೇಕು. ಅಲ್ಲಿನ ವಿಶ್ವವಿದ್ಯಾಲಯವನ್ನು ಎಲ್ಲರೂ ‘ಓಲ್ ಮಿಸ್’ ಅನ್ನುತ್ತಾರೆ. ಕ್ಯಾಂಪಸ್ ನಡುವೆ ಸುಮಾರು ಹತ್ತು ಎಕರೆಯ ಓಕ್ ತೋಪಿದೆ, ಹೆಸರು ‘ದ ಗ್ರೋವ್’. ಅಲ್ಲಿನ ಟೇಲ್‌ಗೇಟ್‌ಗೆ ಗಂಡಸರು ಟೈ ಕಟ್ಟಿ ಬರುತ್ತಾರೆ, ಹೆಂಗಸರು ಮದುವೆಗೆ ಹೊರಟ ಹಾಗೆ. ಟೆಂಟಿನೊಳಗೆ ತೂಗುದೀಪ, ಬೆಳ್ಳಿಯ ತಟ್ಟೆ, ಹೂದಾನಿ. ಪಂದ್ಯಕ್ಕೆ ಎರಡು ಗಂಟೆ ಮುಂಚೆ ಆಟಗಾರರು ಈ ಜನರ ನಡುವೆಯೇ ನಡೆದು ಹೋಗುತ್ತಾರೆ. ಹಿಂದೆ ತೋಪಿನೊಳಗೆ ಕಾರುಗಳು ಬರುತ್ತಿದ್ದವು. 1990ರ ದಶಕದ ಶುರುವಿನಲ್ಲಿ ಮಳೆ ಬಂದು ನೆಲ ಕೆಸರೆದ್ದುಹೋಯಿತು. ಆಮೇಲೆ ಗಾಡಿಗಳನ್ನು ಒಳಗೆ ಬಿಡಲಿಲ್ಲ. ಈಗ ಅಮೆರಿಕದ ಅತಿ ಹೆಸರುವಾಸಿ ಟೇಲ್‌ಗೇಟ್‌ಗಳಲ್ಲಿ ಒಂದರಲ್ಲಿ ಹುಡುಕಿದರೂ ಒಂದು ಟೇಲ್‌ಗೇಟ್ ಸಿಗುವುದಿಲ್ಲ. ಬಾಗಿಲು ಹೋಯಿತು, ಹೆಸರು ಉಳಿಯಿತು. ತಂಡ ಸೋತರೂ ಪಾರ್ಟಿಯಲ್ಲಿ ನಾವು ಯಾವತ್ತೂ ಸೋತಿಲ್ಲ ಅಂತ ಆ ಊರಿನವರು ಹೇಳಿಕೊಳ್ಳುತ್ತಾರೆ. ಸೋತ ಸಂಜೆಗಳನ್ನು ಸಾಕಷ್ಟು ಕಂಡವರ ಮಾತು ಅದು.

ಟೆನೆಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಗಾಡಿಯ ಬದಲು ದೋಣಿ. ಅಲ್ಲಿ ಸ್ಟೇಡಿಯಂ ನದಿ ದಡದಲ್ಲೇ ಇದೆ. 1962ರಲ್ಲಿ ಜಾರ್ಜ್ ಮೂನಿ ಎಂಬ ರೇಡಿಯೋ ವೀಕ್ಷಕ ವಿವರಣೆಗಾರರು ಟ್ರಾಫಿಕ್ ತಪ್ಪಿಸಲು ಸಣ್ಣ ದೋಣಿಯಲ್ಲಿ ಬಂದಿಳಿದರು. ಈಗ ಸುಮಾರು 200 ದೋಣಿಗಳು ಒಂದಕ್ಕೊಂದು ಕಟ್ಟಿಕೊಂಡು ನಿಲ್ಲುತ್ತವೆ. ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ ಹೆಸರು ಮಾಡಿರುವುದು ಅಡುಗೆ: ದೊಡ್ಡ ಕೊಪ್ಪರಿಗೆಯಲ್ಲಿ ಅನ್ನ, ಮಾಂಸ, ಖಾರ ಒಟ್ಟಿಗೆ ಬೇಯುವ ಜಂಬಲಾಯ. ನಮ್ಮವರಿಗೆ ನೋಡಿದ ಕೂಡಲೇ ಪಲಾವ್ ನೆನಪಾಗುತ್ತದೆ.

ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ತಯಾರಿ ಹಿಂದಿನ ರಾತ್ರಿಯೇ. ನಡುರಾತ್ರಿ ಸ್ಟೇಡಿಯಂನಲ್ಲಿ ಸೇರಿ ಮರುದಿನದ ಕೂಗುಗಳನ್ನು ಕೂಗಿ ಅಭ್ಯಾಸ ಮಾಡುತ್ತಾರೆ. ಆಟದ ದಿನ ವಿದ್ಯಾರ್ಥಿಗಳು ಕೂರುವುದೇ ಇಲ್ಲ. ಇದಕ್ಕೊಂದು ಕತೆ ಇದೆ. 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ಪಂದ್ಯ. ಗಾಯಗೊಂಡವರು ಹೆಚ್ಚಾದರು. ತಂಡ ಬಿಟ್ಟು ಬಾಸ್ಕೆಟ್‌ಬಾಲ್‌ಗೆ ಹೋಗಿದ್ದ ಕಿಂಗ್ ಗಿಲ್ ಅನ್ನುವ ಹುಡುಗ ಮೇಲೆ ಪತ್ರಕರ್ತರ ಜೊತೆ ಇದ್ದ. ಅವನನ್ನು ಕೆಳಗೆ ಕರೆಸಿ ಆಟದ ಬಟ್ಟೆ ತೊಡಿಸಿದರು. ಕೊನೆವರೆಗೂ ಅಂಚಿನಲ್ಲಿ ನಿಂತೇ ಇದ್ದ. ಆಡುವ ಪ್ರಸಂಗ ಬರಲಿಲ್ಲ, ತಂಡ ಗೆದ್ದಿತು. ಅವತ್ತಿನಿಂದ ಅಲ್ಲಿನ ಇಡೀ ವಿದ್ಯಾರ್ಥಿ ಗುಂಪೇ ‘12ನೇ ಆಟಗಾರ’. ನಾವು ಕ್ರಿಕೆಟ್‌ನಲ್ಲಿ 12ನೇ ಆಟಗಾರ ಅಂದರೆ ನೀರಿನ ಬಾಟಲಿ ಹೊತ್ತು ಓಡುವವನು ಅಂದುಕೊಳ್ಳುತ್ತೇವೆ. ಆರ್‌ಸಿಬಿಯವರು ಅಭಿಮಾನಿಗಳನ್ನು ಅದೇ ಹೆಸರಿನಿಂದ ಕರೆಯುವುದು ಇಂಥ ಅರ್ಥದಲ್ಲಿ.

‘ಗೇಮ್ ಡೇ’ ಅನ್ನುವ ಮಾತನ್ನೂ ಜೊತೆಗೇ ಕಲಿಯಬೇಕು. ಆಟ ನಡೆಯುವ ದಿನ ಅಂತ ಅರ್ಥವಾದರೂ ಅವರು ಅದನ್ನು ಹಬ್ಬದ ಹೆಸರಿನ ಹಾಗೆ ಹೇಳುತ್ತಾರೆ. ಇಎಸ್‌ಪಿಎನ್ ವಾಹಿನಿ 1987ರಲ್ಲಿ ಶುರು ಮಾಡಿದ ಶನಿವಾರ ಬೆಳಗಿನ ಕಾರ್ಯಕ್ರಮದ ಹೆಸರೂ ‘ಕಾಲೇಜ್ ಗೇಮ್‌ಡೇ’. 1993ರಿಂದ ಅವರು ಸ್ಟುಡಿಯೋ ಬಿಟ್ಟು ಊರೂರಿಗೆ ಹೋಗತೊಡಗಿದರು. ಅದರಲ್ಲಿ ಲೀ ಕೊರ್ಸೋ ಎಂಬ ಹಿರಿಯರು ಯಾರು ಗೆಲ್ಲುತ್ತಾರೆ ಅಂತ ಬಾಯಲ್ಲಿ ಹೇಳುತ್ತಿರಲಿಲ್ಲ. ಗೆಲ್ಲುವ ತಂಡದ ಲಾಂಛನವಾದ ಗೊಂಬೆಯ ದೊಡ್ಡ ತಲೆಯನ್ನು ಎತ್ತಿ ತಮ್ಮ ತಲೆಗೆ ಹಾಕಿಕೊಳ್ಳುತ್ತಿದ್ದರು. 1996ರಲ್ಲಿ ಶುರುವಾದ ಈ ಆಟ 2025ರ ಆಗಸ್ಟ್‌ನಲ್ಲಿ ಅವರು ನಿವೃತ್ತರಾಗುವವರೆಗೂ ನಡೆಯಿತು.

ಕುಡಿತ ಇರುತ್ತದೆ, ಮುಚ್ಚಿಡುವುದೇನು. 21 ತುಂಬಿರಬೇಕು ಅನ್ನುವ ಕಾನೂನೂ ಇದೆ, ಕೆಂಪು ಪ್ಲಾಸ್ಟಿಕ್ ಲೋಟದಲ್ಲಿ ಏನಿದೆ ಅಂತ ಹೊರಗಿನಿಂದ ಕಾಣುವುದಿಲ್ಲ ಅನ್ನುವುದೂ ಇದೆ. ಟಿಕೆಟ್ ಇಲ್ಲದೆ ಬಂದು, ಆಟ ಪೂರ್ತಿ ಟೆಂಟಿನ ಟಿವಿಯಲ್ಲೇ ನೋಡಿ ಮನೆಗೆ ಹೋಗುವವರೂ ಇದ್ದಾರೆ. ಒಳಗೆ ಹೋಗುವವರಿಗೆ ಎಷ್ಟೋ ಕಡೆ ಪಾರದರ್ಶಕ ಚೀಲ ಮಾತ್ರ, ಬುತ್ತಿ ಡಬ್ಬಿ ಹೊರಗೇ.

ಯಾರಾದರೂ ನಿಮ್ಮನ್ನು ಟೇಲ್‌ಗೇಟ್‌ಗೆ ಕರೆದರೆ ಬರಿಗೈಯಲ್ಲಿ ಹೋಗಬೇಡಿ. ಚಿಪ್ಸ್, ಐಸ್, ಏನಾದರೂ ಸರಿ. ಸಸ್ಯಾಹಾರಿಗಳು ಒಂದು ಅಲ್ಯೂಮಿನಿಯಂ ಹಾಳೆಯ ಸುರುಳಿ ಇಟ್ಟುಕೊಳ್ಳಿ. ಒಲೆಯ ಜಾಲರಿ ಒಂದೇ, ಅದರ ಮೇಲೆ ಬೆಳಗ್ಗೆಯಿಂದ ಸಾಸೇಜಿನ ಕೊಬ್ಬು ತೊಟ್ಟಿಕ್ಕಿರುತ್ತದೆ. ಹಾಳೆ ಹಾಸಿಕೊಂಡು ನಿಮ್ಮ ಪಾಲಿನ ಜೋಳದ ತೆನೆ ಸುಟ್ಟುಕೊಂಡರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮಿಷಿಗನ್‌ನಲ್ಲಂತೂ ಅದು ತಂಡದ ಬಣ್ಣ.

ತಮ್ಮ ಎರಡನೇ ವರ್ಷ ಪುಳಿಯೋಗರೆ ಮಾಡಿಕೊಂಡು ಹೋದ. ಚಳಿಯಲ್ಲಿ ಎಲ್ಲರ ಬರ್ಗರ್ ಆರಿ ಹೋಗುತ್ತಿತ್ತು, ಆರಿದಷ್ಟೂ ರುಚಿಯಾಗುವ ಪದಾರ್ಥ ತಂದವನು ಅವನೊಬ್ಬನೇ. ಆಮೇಲೆ ಪ್ರತಿ ಪಂದ್ಯಕ್ಕೂ ಅದೇ ತಾ ಅಂದರಂತೆ. ಇಲ್ಲಿಂದ ಗೊಜ್ಜು ಕಳಿಸುವುದು ಅಮ್ಮನ ಪಾಲಿನ ತಯಾರಿ ಆಯಿತು. ಟೇಲ್‌ಗೇಟ್ ಅನ್ನುವ ಪದ ಮಾತ್ರ ಅವರ ನಾಲಿಗೆಗೆ ಇವತ್ತಿಗೂ ಹತ್ತಿಲ್ಲ. ಶನಿವಾರ ರಾತ್ರಿ ಫೋನ್ ಮಾಡಿ ಗೆದ್ದರಾ ಸೋತರಾ ಅಂತ ಕೇಳುವುದಿಲ್ಲ. “ಗೇಟೂಟ ಆಯ್ತೇನೋ?” ಅನ್ನುತ್ತಾರೆ.