ತುಂಬಿದಷ್ಟೂ ನಿಧಾನವಾಗುವ ಕೆಪಾಸಿಟರ್

9 ವೋಲ್ಟಿನ ಬ್ಯಾಟರಿ, 10 ಕಿಲೋಓಮ್ ರೆಸಿಸ್ಟರ್, 1000 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ (ವಿದ್ಯುತ್ ಶಕ್ತಿಯನ್ನು ಕೂಡಿಡುವ ಬಿಡಿಭಾಗ), ಒಂದು ಮಲ್ಟಿಮೀಟರ್. ಇಷ್ಟು ಸಿಕ್ಕರೆ ಹೈಸ್ಕೂಲು ಮಕ್ಕಳೂ ಮಾಡಬಹುದಾದ ಪ್ರಯೋಗವಿದು. ಮಾಡಲೇಬೇಕು ಎಂಬುದು ನನ್ನ ಆಸೆ. ರೆಸಿಸ್ಟರ್ ಮತ್ತು ಕೆಪಾಸಿಟರನ್ನು ಒಂದರ ಬೆನ್ನಿಗೆ ಒಂದು ಜೋಡಿಸಿ ಬ್ಯಾಟರಿಗೆ ಸೇರಿಸಿ, ಮೀಟರಿನ ತಂತಿಗಳನ್ನು ಕೆಪಾಸಿಟರಿನ ಎರಡು ಕಾಲುಗಳಿಗೆ ಹಿಡಿಯಿರಿ. ಕೆಪಾಸಿಟರಿನ ಮೈಮೇಲೆ ಪಟ್ಟೆ ಇರುವ ಕಡೆಯ ಕಾಲು ಬ್ಯಾಟರಿಯ ಋಣ ತುದಿಗೇ ಹೋಗಬೇಕು, ಅದರ ಮೇಲೆ 16 ವೋಲ್ಟ್ ಅಥವಾ ಹೆಚ್ಚಿನ ಮಿತಿ ಬರೆದಿರಬೇಕು. ಇವೆರಡನ್ನೂ ಮರೆಯುವಂತಿಲ್ಲ.

ಮೀಟರಿನ ಅಂಕಿಗಳು ಮೊದಲು ಓಡುತ್ತವೆ, ಆಮೇಲೆ ತೆವಳುತ್ತವೆ. 10 ಸೆಕೆಂಡು ಕಳೆಯುವಾಗ ಸುಮಾರು 5.7 ವೋಲ್ಟ್. ಮುಂದಿನ 10 ಸೆಕೆಂಡಿನಲ್ಲಿ ಏರುವುದು 2.1 ವೋಲ್ಟ್ ಮಾತ್ರ. ಅದರ ಮುಂದಿನ 10 ಸೆಕೆಂಡಿನಲ್ಲಿ ಮುಕ್ಕಾಲು ವೋಲ್ಟಿಗಿಂತ ತುಸು ಹೆಚ್ಚು. 50ನೇ ಸೆಕೆಂಡಿಗೆ 8.94 ತಲುಪಿರುತ್ತದೆ, ಆದರೂ 9 ಆಗಿರುವುದಿಲ್ಲ. (ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಬರೆದ ಮೌಲ್ಯಕ್ಕಿಂತ ಶೇ 20ರಷ್ಟು ಆಚೀಚೆ ಇರುವುದು ಸಾಮಾನ್ಯ, ಹಾಗಾಗಿ ನಿಮ್ಮ ಅಂಕಿಗಳು ಸ್ವಲ್ಪ ಬೇರೆ ಬಂದರೆ ಗಾಬರಿ ಬೇಡ.)

ಏಕೆ ಹೀಗೆ? ಕೆಪಾಸಿಟರಿನ ಒಳಗೆ ಅಲ್ಯೂಮಿನಿಯಂ ಹಾಳೆಗಳನ್ನು ಸುರುಳಿ ಸುತ್ತಿರುತ್ತಾರೆ. ಒಂದು ಹಾಳೆಯ ಮೇಲೆ ಬೆಳೆಸಿದ ಅತಿ ತೆಳುವಾದ ಆಕ್ಸೈಡ್ ಪದರವೇ ಅಲ್ಲಿನ ಅವಾಹಕ. ತಿರುಗುಮುರುಗಾಗಿ ಜೋಡಿಸಿದರೆ ಈ ಪದರ ಹಾಳಾಗಿ, ಒಳಗೆ ಅನಿಲ ತುಂಬಿ ಕೆಪಾಸಿಟರ್ ಸಿಡಿಯಬಹುದು. ಎಲ್ಲ ಸರಿಯಿದ್ದಾಗ ಎಲೆಕ್ಟ್ರಾನುಗಳು ಈ ಪದರವನ್ನು ದಾಟುವುದಿಲ್ಲ. ಬ್ಯಾಟರಿಯು ಒಂದು ಬದಿಯಿಂದ ಎಲೆಕ್ಟ್ರಾನುಗಳನ್ನು ಸೆಳೆದು, ಅಷ್ಟೇ ಎಲೆಕ್ಟ್ರಾನುಗಳನ್ನು ಇನ್ನೊಂದು ಬದಿಗೆ ತಳ್ಳುತ್ತದೆ. ಒಟ್ಟು ಲೆಕ್ಕದಲ್ಲಿ ಕೆಪಾಸಿಟರಿಗೆ ಒಂದು ಎಲೆಕ್ಟ್ರಾನೂ ಹೆಚ್ಚಾಗಿಲ್ಲ. ಹೆಚ್ಚಾಗಿರುವುದು ಎರಡು ಬದಿಗಳ ನಡುವಿನ ವೋಲ್ಟೇಜ್ ಮತ್ತು ಅಲ್ಲಿನ ವಿದ್ಯುತ್ ಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿ.

ಈ ವೋಲ್ಟೇಜೇ ಬ್ಯಾಟರಿಗೆ ಎದುರು ನಿಲ್ಲುತ್ತದೆ. ಮೊದಲ ಕ್ಷಣದಲ್ಲಿ ಕೆಪಾಸಿಟರಿನಲ್ಲಿ ಶೂನ್ಯ ವೋಲ್ಟ್ ಇರುವುದರಿಂದ 9 ವೋಲ್ಟೂ ರೆಸಿಸ್ಟರಿನ ಪಾಲು, ಹರಿಯುವ ಪ್ರವಾಹ 0.9 ಮಿಲಿಆಂಪಿಯರ್. ಕೆಪಾಸಿಟರ್ 6 ವೋಲ್ಟ್ ಮುಟ್ಟಿದಾಗ ಪ್ರವಾಹವನ್ನು ನೂಕಲು ಉಳಿದಿರುವುದು 3 ವೋಲ್ಟ್, ಪ್ರವಾಹ 0.3 ಮಿಲಿಆಂಪಿಯರ್. ಪ್ರವಾಹ ಇಳಿದಷ್ಟೂ ತುಂಬುವುದು ನಿಧಾನ. ತಳದಲ್ಲಿ ಕೊಳವೆಯಿಂದ ಕೂಡಿಸಿದ ಎರಡು ತೊಟ್ಟಿಗಳಲ್ಲಿ ನೀರಿನ ಮಟ್ಟ ಸಮವಾಗುತ್ತ ಬಂದಂತೆ ಹರಿವು ಸೊರಗುವುದೂ ಇದೇ ಕಾರಣಕ್ಕೆ.

ರೆಸಿಸ್ಟರಿನ ಓಮ್‌ಗಳನ್ನು ಕೆಪಾಸಿಟರಿನ ಫ್ಯಾರಡ್‌ಗಳಿಂದ ಗುಣಿಸಿದರೆ ಸೆಕೆಂಡುಗಳು ಸಿಗುತ್ತವೆ! ನಮ್ಮ ಉದಾಹರಣೆಯಲ್ಲಿ 10,000ವನ್ನು 0.001ರಿಂದ ಗುಣಿಸಿದರೆ 10 ಸೆಕೆಂಡು. ಇದು ಆ ಮಂಡಲದ ಕಾಲ ಸ್ಥಿರಾಂಕ. ಅಷ್ಟು ಹೊತ್ತಿನಲ್ಲಿ ಬಾಕಿ ಇರುವ ಅಂತರದ ಶೇ 63.2 ಭಾಗ ತುಂಬುತ್ತದೆ. ಬ್ಯಾಟರಿ 9 ವೋಲ್ಟಿನದಾಗಲಿ, 5 ವೋಲ್ಟಿನದಾಗಲಿ, ಈ ಅನುಪಾತ ಬದಲಾಗುವುದಿಲ್ಲ.

ಇದನ್ನು ಅತ್ಯಂತ ಸೊಗಸಾಗಿ ಬಳಸಿಕೊಂಡದ್ದು 555 ಟೈಮರ್ ಚಿಪ್. ಸಿಗ್ನೆಟಿಕ್ಸ್ ಕಂಪನಿಗಾಗಿ ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ವಿನ್ಯಾಸ ಮಾಡಿದ ಈ ಚಿಪ್‌ನೊಳಗೆ ಒಂದೇ ಅಳತೆಯ ಮೂರು ರೆಸಿಸ್ಟರುಗಳು ಸಾಲಾಗಿ ನಿಂತು, ಪೂರೈಕೆಯ ವೋಲ್ಟೇಜನ್ನು ಮೂರು ಸಮಪಾಲು ಮಾಡುತ್ತವೆ. ಹೊರಗಿನ ಕೆಪಾಸಿಟರ್ ಮೂರನೇ ಎರಡು ಪಾಲು ತುಂಬಿದೊಡನೆ ಚಿಪ್ ತನ್ನ ಸ್ಥಿತಿ ಬದಲಿಸುತ್ತದೆ. ಖಾಲಿ ಕೆಪಾಸಿಟರ್ ಅಲ್ಲಿಗೆ ಮುಟ್ಟಲು ಕಾಲ ಸ್ಥಿರಾಂಕದ ಸುಮಾರು 1.1 ಪಟ್ಟು ಹೊತ್ತು ಬೇಕು. ಬ್ಯಾಟರಿ ಬಳಲಿ 9ರಿಂದ 7 ವೋಲ್ಟಿಗೆ ಇಳಿದರೆ ತುಂಬುವ ವೇಗವೂ ಇಳಿಯುತ್ತದೆ, ಮುಟ್ಟಬೇಕಾದ ಗುರಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಸಮಯ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಮೂರು ರೆಸಿಸ್ಟರುಗಳಿಂದ ಇಷ್ಟು ಸಾಧಿಸಿದ ಬುದ್ಧಿಗೆ ನಾನು ಇಂದಿಗೂ ತಲೆದೂಗುತ್ತೇನೆ.

ಇನ್ನು ಶಕ್ತಿಯ ಲೆಕ್ಕ. ನಮ್ಮ ಕೆಪಾಸಿಟರ್ ತುಂಬಿದಾಗ ಅದರಲ್ಲಿರುವ ಶಕ್ತಿ 0.0405 ಜೂಲ್, ಬ್ಯಾಟರಿ ಕೊಟ್ಟದ್ದು 0.081 ಜೂಲ್. ಸರಿಯಾಗಿ ಅರ್ಧ ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಯಿತು. ರೆಸಿಸ್ಟರನ್ನು 1 ಕಿಲೋಓಮ್‌ಗೆ ಇಳಿಸಿದರೆ ಕೆಪಾಸಿಟರ್ ಹತ್ತು ಪಟ್ಟು ಬೇಗ ತುಂಬುತ್ತದೆ, ನಷ್ಟ ಮಾತ್ರ ಅಷ್ಟೇ. ಬ್ಯಾಟರಿ ಪ್ರತಿಯೊಂದು ಆವೇಶವನ್ನೂ 9 ವೋಲ್ಟಿನಲ್ಲಿ ಕಳಿಸುತ್ತದೆ. ಶೂನ್ಯದಿಂದ ಏರುತ್ತಿರುವ ಕೆಪಾಸಿಟರ್ ಅದನ್ನು ಸರಾಸರಿ 4.5 ವೋಲ್ಟಿನಲ್ಲಿ ಬರಮಾಡಿಕೊಳ್ಳುತ್ತದೆ. ಮೊದಲು 4.5 ವೋಲ್ಟಿನ ಮೂಲದಿಂದ ತುಂಬಿಸಿ, ಆಮೇಲೆ 9ಕ್ಕೆ ಏರಿಸಿದರೆ ನಷ್ಟ ಅರ್ಧಕ್ಕೆ ಇಳಿಯುತ್ತದೆ.

ಮೊಬೈಲ್ ಬಿಸಿಯಾಗುವುದರಲ್ಲೂ ಈ ನಷ್ಟದ ದೊಡ್ಡ ಪಾಲಿದೆ. ಪ್ರೊಸೆಸರಿನ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಲ್ಲಿ ಪ್ರತಿಯೊಂದರ ಗೇಟೂ, ಅಂದರೆ ಅದನ್ನು ತೆರೆದು ಮುಚ್ಚುವ ತುದಿಯೂ, ಒಂದು ಪುಟಾಣಿ ಕೆಪಾಸಿಟರ್. ಒಂದೊಂದು ಲೆಕ್ಕಕ್ಕೂ ಅವುಗಳಲ್ಲಿ ಅನೇಕ ತುಂಬಬೇಕು, ಬರಿದಾಗಬೇಕು. ತುಂಬುವಾಗ ಅರ್ಧ ಶಕ್ತಿ, ಬರಿದಾಗುವಾಗ ಉಳಿದರ್ಧ ಬಿಸಿಯಾಗುತ್ತದೆ. ಸೆಕೆಂಡಿಗೆ ನೂರಾರು ಕೋಟಿ ಬಾರಿ ಮಿಡಿಯುವ ಚಿಪ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತುಂಬಿಸಲು ಪುರುಸೊತ್ತಿಲ್ಲ. ಆದ್ದರಿಂದ ಎಂಜಿನಿಯರುಗಳು ವೋಲ್ಟೇಜನ್ನೇ ಇಳಿಸುತ್ತ ಬಂದರು. ಹಿಂದೆ 5 ವೋಲ್ಟ್ ಬೇಡುತ್ತಿದ್ದ ಪ್ರೊಸೆಸರುಗಳು ಈಗ 1 ವೋಲ್ಟಿನ ಆಸುಪಾಸಿನಲ್ಲಿ ನಡೆಯುತ್ತವೆ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅದೇ ಅಳತೆಯ ಗೇಟನ್ನು ಒಮ್ಮೆ ತುಂಬಿ ಬರಿದು ಮಾಡಲು ಮೊದಲಿನ 25ನೇ ಒಂದು ಪಾಲು ಶಕ್ತಿ ಸಾಕಾಗುತ್ತದೆ.