ನಕ್ಷತ್ರ ಕಂಡರೆ ಮಾತ್ರ ಹೊರಡುವ ಸ್ಕೀ ಯಾತ್ರೆ

ಹಿಮ ತುಂಬಿದ ಬೆಟ್ಟದಲ್ಲಿ ಜೋರಾಗಿ ಕೂಗಿದರೆ ಹಿಮಕುಸಿತವಾಗುತ್ತದೆ ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಚೆನ್ನಾಗಿ ಓದಿಕೊಂಡವರೂ ಅದನ್ನು ವಿಜ್ಞಾನದ ಮಾತೆಂದೇ ಹೇಳುತ್ತಿರುತ್ತಾರೆ. ಲೆಕ್ಕ ಹಾಕಿ ನೋಡುವುದು ಕಷ್ಟವೇನಲ್ಲ. ಗಂಟಲು ಹರಿಯುವಂತೆ ಕೂಗಿ 100 ಡೆಸಿಬೆಲ್‌ನಷ್ಟು ಸದ್ದು ಮಾಡಿದರೂ, ಆ ಶಬ್ದದ ಅಲೆ ಗಾಳಿಯಲ್ಲಿ ಎಬ್ಬಿಸುವ ಒತ್ತಡದ ಏರಿಳಿತ ಸುಮಾರು 2 ಪಾಸ್ಕಲ್ ಮಾತ್ರ. ದೂರ ಹೋದಂತೆಲ್ಲ ಅದೂ ಕುಗ್ಗುತ್ತದೆ. ಹಾಗೆ ಕೂಗಿದ 80 ಕಿಲೋ ತೂಕದ ಮನುಷ್ಯ ಎರಡು ಸ್ಕೀಗಳ ಮೇಲೆ ಸುಮ್ಮನೆ ನಿಂತಿದ್ದರೆ ಸಾಕು, ಹಿಮದ ಮೇಲೆ ಬೀಳುವ ಒತ್ತಡ ಸುಮಾರು 2,500 ಪಾಸ್ಕಲ್ ಆಗುತ್ತದೆ. ತನ್ನ ಬಾಯಿಗೆ ಹೆದರುವವನು ತನ್ನ ಕಾಲಿಗೆ ಸಾವಿರ ಪಟ್ಟು ಹೆಚ್ಚು ಹೆದರಬೇಕು. ಸ್ಕೀ ಮಾಡುವವರ ಜೀವ ತೆಗೆಯುವ ಹಿಮಕುಸಿತಗಳ ಪೈಕಿ ಬಹುಪಾಲನ್ನು ಎಬ್ಬಿಸಿದವರು ಸ್ವತಃ ಸಿಕ್ಕಿಬಿದ್ದವರು ಅಥವಾ ಅವರ ಜೊತೆಗಾರರೇ ಆಗಿರುತ್ತಾರೆ, ಅದೂ ತಮ್ಮ ಭಾರದಿಂದ.

ಆಲ್ಪ್ಸ್ ಪರ್ವತ ದಾಟುತ್ತಿದ್ದ ಹಳೆಯ ಕಾಲದ ಪ್ರಯಾಣಿಕರಿಗೆ ಸ್ಥಳೀಯರು ಎರಡು ಕಿವಿಮಾತು ಹೇಳುತ್ತಿದ್ದರು: ಸದ್ದು ಮಾಡಬೇಡಿ, ಬೆಳಗಾಗುವ ಮುನ್ನ ಹೊರಡಿ. ಹೇಸರಗತ್ತೆಗಳ ಕೊರಳ ಗಂಟೆ ಬಾರಿಸದಂತೆ ಅದರೊಳಗೆ ಹುಲ್ಲು ತುರುಕುವ ವಾಡಿಕೆಯೂ ಇತ್ತು. ಮೊದಲನೆಯ ಮಾತಿನಿಂದ ಯಾರಿಗೂ ಪ್ರಯೋಜನವಾಗಿರಲಾರದು. ಎರಡನೆಯದು ಮಾತ್ರ ಇಂದಿಗೂ ಪ್ರತಿಯೊಬ್ಬ ಪರ್ವತ ಮಾರ್ಗದರ್ಶಿಯ ದಿನಚರಿಯನ್ನು ಆಳುತ್ತಿದೆ. ಅದು ಏಕೆ ಸರಿ ಎಂಬುದರ ಹಿಂದಿರುವ ಭೌತವಿಜ್ಞಾನ ನನಗೆ ಬಹಳ ಪ್ರಿಯವಾದದ್ದು.

ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ವರೆಗೆ ಹಿಮನದಿಗಳ ಮೇಲೆಯೇ ಸಾಗುವ 'ಓಟ್ ರೂಟ್' ಎಂಬ ದಾರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 1860ರ ದಶಕದಲ್ಲಿ ಬೇಸಗೆಯ ನಡಿಗೆಗಾಗಿ ಹುಡುಕಿದ ಈ ದಾರಿಯನ್ನು 1903ರ ಜನವರಿಯಲ್ಲಿ ಶಾಮೊನಿಯ ವೈದ್ಯ ಮಿಶೆಲ್ ಪಾಯೋ ಮತ್ತು ಸಂಗಡಿಗರು ಮೊದಲ ಬಾರಿಗೆ ಸ್ಕೀಗಳ ಮೇಲೆ ಕ್ರಮಿಸಿದರು. ಇಂದು ಮಾರ್ಚ್ ಮಧ್ಯದಿಂದ ಮೇ ಮೊದಲ ದಿನಗಳವರೆಗೆ ಸಣ್ಣ ಸಣ್ಣ ತಂಡಗಳು ಪರವಾನಗಿ ಪಡೆದ ಮಾರ್ಗದರ್ಶಿಯೊಬ್ಬರ ಹಿಂದೆ ಸುಮಾರು ಒಂದು ವಾರ ಸಾಗುತ್ತವೆ. ಸ್ಕೀಗಳ ತಳಕ್ಕೆ ಅಂಟಿಸುವ 'ಸ್ಕಿನ್' ಎಂಬ ಪಟ್ಟಿಯ ರೋಮಗಳು ಹಿಂದಕ್ಕೆ ಬಾಗಿರುವುದರಿಂದ ಮುಂದಕ್ಕೆ ಜಾರುವುದು ಸುಲಭ, ಹಿಂದಕ್ಕೆ ಜಾರುವುದು ಕಷ್ಟ. ಏರಿ ಮುಗಿದ ಮೇಲೆ ಪಟ್ಟಿಯನ್ನು ಕಿತ್ತು ಚೀಲಕ್ಕೆ ತುಂಬಿ ಇಳಿಯುತ್ತಾರೆ. ರಾತ್ರಿ ಉಳಿಯಲು ಹಟ್ ಎಂದು ಕರೆಯುವ ತಂಗುಮನೆಗಳಿವೆ. ಅರ್ಜಂಟಿಯೆರ್, ಟ್ರಿಯಾನ್, ವಾಲ್ಸೊರೆ, ಡೀಸ್, ವಿನ್ಯೆಟ್ ಮುಂತಾದ ಇವುಗಳಲ್ಲಿ ಕೆಲವು ಮೂರು ಸಾವಿರ ಮೀಟರಿಗೂ ಎತ್ತರದಲ್ಲಿ ಬಂಡೆಗಳ ನೆತ್ತಿಯ ಮೇಲೆ ಕುಳಿತಿವೆ. ಬಿಸಿ ಊಟ, ಸಾಲಾಗಿ ಹಾಸಿದ ಮಲಗುವ ಹಲಗೆಗಳು, ಒದ್ದೆ ಸಾಕ್ಸಿನ ವಾಸನೆ, ರಾತ್ರಿ ಒಂಬತ್ತಕ್ಕೆಲ್ಲ ಆರುವ ದೀಪ: ಅಲ್ಲಿನ ಸುಖ ಅಷ್ಟೇ.

ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮಾರ್ಗದರ್ಶಿ ಎದ್ದು ಹೊರಗೆ ಬಂದು ಮೊದಲು ನೋಡುವುದು ಆಕಾಶವನ್ನು. ನಕ್ಷತ್ರಗಳು ಕಂಡರೆ ತಂಡವನ್ನು ಎಬ್ಬಿಸುತ್ತಾರೆ. ಮೋಡ ಮುಚ್ಚಿದ್ದರೆ ಸ್ಕೀ ಕೋಲಿನಿಂದ ಹಿಮವನ್ನು ಚುಚ್ಚಿ ನೋಡುತ್ತಾರೆ, ಮುಖ ಗಂಟಿಕ್ಕುತ್ತದೆ. ಮೋಡವಿದ್ದರೆ ತಂಪು, ಆಕಾಶ ತಿಳಿಯಾಗಿದ್ದರೆ ಬಿಸಿ ಎಂಬ ನಮ್ಮ ಹಗಲಿನ ಅನುಭವವನ್ನು ಇಲ್ಲಿಗೆ ತಂದವರಿಗೆ ಇದು ವಿಚಿತ್ರವೆನಿಸಬಹುದು. ರಾತ್ರಿಯ ಲೆಕ್ಕವೇ ಬೇರೆ, ಅದನ್ನು ಜಮಾ-ಖರ್ಚಿನ ಪುಸ್ತಕದಂತೆ ಓದಬೇಕು.

ನಮ್ಮ ಕಣ್ಣಿಗೆ ಹಿಮ ಬೆಳ್ಳಗೆ ಕಾಣುವುದು ಅದು ಬೀಳುವ ಬೆಳಕಿನ ಹೆಚ್ಚಿನ ಭಾಗವನ್ನು ಚದುರಿಸಿ ಹಿಂದಿರುಗಿಸುವುದರಿಂದ. ಹೊಸ ಹಿಮ ಬಿಸಿಲಿನ ಶೇಕಡಾ 80ರಿಂದ 90ರಷ್ಟನ್ನು ವಾಪಸು ಕಳಿಸುತ್ತದೆ. ಆದರೆ ನಮ್ಮ ಕಣ್ಣಿಗೆ ಕಾಣದ, ತರಂಗದೂರ ಹೆಚ್ಚಿರುವ ಅವಕೆಂಪು ಕಿರಣಗಳ ಲೋಕದಲ್ಲಿ ಇದೇ ಹಿಮ ಹೆಚ್ಚುಕಡಿಮೆ ಕಪ್ಪು ವಸ್ತು. ಆ ಕಿರಣಗಳನ್ನು ಅದು ಹೀರುವುದೂ ಸಂಪೂರ್ಣ, ಸೂಸುವುದೂ ಸಂಪೂರ್ಣ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಹಿಮದ ಒಂದು ಚದರ ಮೀಟರ್ ಮೇಲ್ಮೈ ಹಗಲಿರುಳೂ ಸುಮಾರು 315 ವ್ಯಾಟ್ ಶಕ್ತಿಯನ್ನು ಆಕಾಶದತ್ತ ಸೂಸುತ್ತಲೇ ಇರುತ್ತದೆ. ಇದು ಖರ್ಚು. ಆಕಾಶವೂ ಸುಮ್ಮನಿರದೆ ತನ್ನ ಪಾಲಿನ ಅವಕೆಂಪು ಕಿರಣಗಳನ್ನು ಕೆಳಗೆ ಕಳಿಸುತ್ತದೆ; ಅದು ಜಮಾ. ಎತ್ತರದ ಒಣಗಾಳಿಯಲ್ಲಿ ನೀರಾವಿ ಕಡಿಮೆಯಿರುವುದರಿಂದ ತಿಳಿ ಆಕಾಶದಿಂದ ಬರುವುದು ಇನ್ನೂರು ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮೋಡದ ತಳ ಮಾತ್ರ ತಾನೂ ಹಿಮದಷ್ಟೇ ಬೆಚ್ಚಗಿದ್ದು, ಹಿಮ ಸೂಸಿದ್ದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗಿಸುತ್ತದೆ. ಆದ್ದರಿಂದ ಮೋಡವಿಲ್ಲದ ರಾತ್ರಿ ಹಿಮ ಶಾಖ ಕಳೆದುಕೊಳ್ಳುತ್ತದೆ, ಮೋಡವಿದ್ದ ರಾತ್ರಿ ಹಾಗೆಯೇ ಉಳಿಯುತ್ತದೆ. ಗಾಳಿಯ ಉಷ್ಣಾಂಶ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿದ್ದಾಗಲೂ ತಿಳಿ ಆಕಾಶದ ಕೆಳಗೆ ಹಿಮದ ಮೇಲ್ಪದರ ಗಡುಸಾಗಿ ಹೆಪ್ಪುಗಟ್ಟುವುದಕ್ಕೆ ಇದೇ ಕಾರಣ. ನಮ್ಮ ಬಯಲುಸೀಮೆಯಲ್ಲಿ ಮಾಗಿಯ ತಿಳಿರಾತ್ರಿ ಕಳೆದ ಮೇಲೆ ಹುಲ್ಲಿನ ಮೇಲೆ ಇಬ್ಬನಿ ದಟ್ಟವಾಗಿರುವುದೂ, ಮೋಡದ ರಾತ್ರಿಯ ನಂತರ ಅದು ಕಾಣದಿರುವುದೂ ಇದೇ ಲೆಕ್ಕದ ಫಲ.

ಈ ಶಾಖನಷ್ಟದಿಂದ ನಮಗೆ ಸಿಗುವುದೆಷ್ಟೆಂದು ಈಗ ನೋಡೋಣ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಕರಗಿದ ಹಿಮದಲ್ಲಿ ಹರಳುಗಳ ನಡುವೆ ನೀರಿರುತ್ತದೆ. ಘನ ಅಳತೆಯಲ್ಲಿ ಶೇಕಡಾ 5ರಷ್ಟು ನೀರಿದೆ ಎಂದು ಇಟ್ಟುಕೊಳ್ಳಿ. ತಿಳಿರಾತ್ರಿಯಲ್ಲಿ ಚದರ ಮೀಟರಿಗೆ 80 ವ್ಯಾಟ್‌ನಂತೆ ಎಂಟು ಗಂಟೆ ಶಾಖ ಸೋರಿಹೋದರೆ ಒಟ್ಟು 23 ಲಕ್ಷ ಜೂಲ್ ಆಯಿತು. ಒಂದು ಕಿಲೋ ನೀರು ಹೆಪ್ಪುಗಟ್ಟಲು 3 ಲಕ್ಷ 34 ಸಾವಿರ ಜೂಲ್ ಕಳೆದುಕೊಳ್ಳಬೇಕು. ಅಂದರೆ ಇಡೀ ರಾತ್ರಿಯ ಗಳಿಕೆ ಸುಮಾರು ಏಳು ಕಿಲೋ ನೀರು ಗಡ್ಡೆಯಾಗುವಷ್ಟು, ಪದರದ ದಪ್ಪದಲ್ಲಿ ಹೇಳುವುದಾದರೆ ಸುಮಾರು 14 ಸೆಂಟಿಮೀಟರ್. ಗೇಣಿಗಿಂತ ಕಡಿಮೆ ದಪ್ಪದ ಈ ಹೊದಿಕೆ ಹರಳುಗಳನ್ನು ಒಂದಕ್ಕೊಂದು ಬೆಸೆದು ಇಡೀ ಇಳಿಜಾರನ್ನು ಹಿಡಿದಿಡುತ್ತದೆ, ಮನುಷ್ಯನ ಭಾರವನ್ನೂ ತಡೆದುಕೊಳ್ಳುತ್ತದೆ. ಇದು ಒರಟು ಲೆಕ್ಕ, ನಿಜ. ಗಾಳಿಯ ಬೀಸು, ಆವಿಯಾಗುವಿಕೆ ಇವನ್ನೆಲ್ಲ ಬಿಟ್ಟಿದ್ದೇನೆ. ಆದರೂ ಗಾತ್ರದ ಅಂದಾಜಿಗೆ ಸಾಕು.

ಇದನ್ನು ಸೂರ್ಯ ಎಷ್ಟು ಬೇಗ ಖಾಲಿ ಮಾಡುತ್ತಾನೆಂಬುದು ಇನ್ನೂ ಸ್ವಾರಸ್ಯಕರ. ವಸಂತದ ಹಳೆಯ, ಒರಟು ಹರಳಿನ ಹಿಮ ಹೊಸ ಹಿಮದಷ್ಟು ಬೆಳ್ಳಗಿರುವುದಿಲ್ಲ. ಬಿಸಿಲಿನ ಶೇಕಡಾ 40ರಷ್ಟನ್ನು ಹೀರಿಕೊಳ್ಳಬಲ್ಲದು. ಬಿಸಿಲೇರಿದ ಮೇಲೆ ಚದರ ಮೀಟರಿಗೆ ಸಾವಿರ ವ್ಯಾಟ್ ಬಿದ್ದರೆ ಒಳಸೇರುವುದು 400 ವ್ಯಾಟ್. ಎಂಟು ಗಂಟೆಯ ದುಡಿಮೆ ಎರಡು ಗಂಟೆಯೊಳಗೆ ಕರಗಿ ನೀರಾಗುತ್ತದೆ. ಆ ನೀರು ಕೆಳಗಿಳಿದು, ಹರಳುಗಳ ನಡುವಿನ ಬೆಸುಗೆಗಳನ್ನು ಬಿಡಿಸಿ, ಒದ್ದೆ ಹಿಮ ತನ್ನಷ್ಟಕ್ಕೆ ತಾನೇ ಜಾರುವಂತೆ ಮಾಡುತ್ತದೆ.

ಯಾತ್ರೆಯ ವೇಳಾಪಟ್ಟಿಯೆಲ್ಲ ಇಲ್ಲಿಂದ ಹುಟ್ಟುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರುಗಳಿಗೆ ಬಿಸಿಲು ಮೊದಲು ತಾಕುವುದರಿಂದ ಅವನ್ನು ಎಲ್ಲಕ್ಕಿಂತ ಮುಂಚೆ ದಾಟಬೇಕು. ಪಶ್ಚಿಮದವು ಇನ್ನಷ್ಟು ಹೊತ್ತು ಕಾಯುತ್ತವೆ. ಉತ್ತರದವು ಬೇರೆಯದೇ ಸಮಸ್ಯೆ. ವಾಲ್ಸೊರೆ ಹಟ್‌ನ ಮೇಲಿನ ಕಡಿದಾದ ಏರನ್ನು ಕತ್ತಲಲ್ಲೇ, ತಲೆಯ ದೀಪದ ಬೆಳಕಿನಲ್ಲಿ, ಬೂಟಿಗೆ ಉಕ್ಕಿನ ಮುಳ್ಳು ಕಟ್ಟಿಕೊಂಡು ಹತ್ತಲು ಶುರುಮಾಡುತ್ತಾರೆ. ಇಳಿಯುವುದಕ್ಕೆ ಮಾತ್ರ ಹೊದಿಕೆಯ ಮೇಲಿನ ಒಂದೆರಡು ಸೆಂಟಿಮೀಟರ್ ಮೆತ್ತಗಾಗುವ ಕ್ಷಣವೇ ಹಿತ, ಏಕೆಂದರೆ ಗಾಜಿನಂತೆ ಗಟ್ಟಿಯಾದ ಹಿಮದ ಮೇಲೆ ಸ್ಕೀ ನಿಲ್ಲುವುದಿಲ್ಲ. ಆ ಹದ ಒಂದು ಇಳಿಜಾರಿನಲ್ಲಿ ಅರ್ಧ ಗಂಟೆಯೋ ಒಂದು ಗಂಟೆಯೋ ಇರುತ್ತದೆ. ಮಾರ್ಗದರ್ಶಿಗೆ ಕೊಡುವ ಹಣದ ದೊಡ್ಡ ಪಾಲು ಈ ಹದವನ್ನು ಗುರುತಿಸುವ ವಿದ್ಯೆಗೆ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ದಾರಿ ತೋರಿಸುವುದನ್ನು ಈಗ ಉಪಗ್ರಹವೂ ಮಾಡುತ್ತದೆ.

ಈ ವಿದ್ಯೆಯನ್ನು ಕೇಳದೆ ಹೋದಾಗ ಏನಾಗುತ್ತದೆಂಬುದಕ್ಕೆ ಶಾಮೊನಿಯಲ್ಲೇ ಹಳೆಯ ಸಾಕ್ಷ್ಯವಿದೆ. 1820ರ ಆಗಸ್ಟ್‌ನಲ್ಲಿ ಜೋಸೆಫ್ ಹಾಮೆಲ್ ಎಂಬ ವಿಜ್ಞಾನಿ, ಹವೆ ಕೆಟ್ಟು ಹೊಸ ಹಿಮ ಬಿದ್ದಿದ್ದರೂ, ಮಾರ್ಗದರ್ಶಿಗಳು ಹಿಂಜರಿದರೂ, ಮಾಂಟ್ ಬ್ಲಾಂಕ್ ಏರಲೇಬೇಕೆಂದು ಹಟ ಹಿಡಿದ. ತಂಡ ಇಳಿಜಾರನ್ನು ಅಡ್ಡಲಾಗಿ ದಾಟುವಾಗ ಹಿಮ ಕುಸಿದು ಮೂವರು ಮಾರ್ಗದರ್ಶಿಗಳು ಆಳವಾದ ಬಿರುಕಿಗೆ ಬಿದ್ದು ಸತ್ತರು. ಮರುವರ್ಷ, 1821ರಲ್ಲಿ, ಶಾಮೊನಿಯ ಮಾರ್ಗದರ್ಶಿಗಳು ತಮ್ಮದೇ ಸಂಘ ಕಟ್ಟಿಕೊಂಡರು. ಅದು ಇಂದಿಗೂ ಇದೆ. ಹಿಮನದಿಗಳ ಚಲನೆಯನ್ನು ಅಳೆದಿದ್ದ ಜೇಮ್ಸ್ ಫೋರ್ಬ್ಸ್, ಆ ದೇಹಗಳು ಸುಮಾರು ನಲವತ್ತು ವರ್ಷಗಳ ನಂತರ ಹಿಮನದಿಯ ಬುಡದಲ್ಲಿ ಹೊರಬರುತ್ತವೆಂದು ಅಂದಾಜಿಸಿದ್ದರು. 1861ರಲ್ಲಿ ಬೊಸ್ಸೋನ್ ಹಿಮನದಿಯ ಬುಡದಲ್ಲಿ ಅವಶೇಷಗಳು ಸಿಕ್ಕವು.

ಉತ್ತರದ ಇಳಿಜಾರುಗಳ ಸಮಸ್ಯೆಯೆಂದೆನಲ್ಲ, ಅಲ್ಲಿ ಬಿಸಿಲು ಕಡಿಮೆಯಾದ್ದರಿಂದ ಚಳಿಗಾಲದ ನೆನಪು ಉಳಿದಿರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಹಿಮ ತೆಳುವಾಗಿರುವಾಗ ನೆಲದ ಬಳಿ ಉಷ್ಣಾಂಶ ಸೊನ್ನೆಯ ಹತ್ತಿರ, ಮೇಲ್ಮೈಯಲ್ಲಿ ಬಹಳ ಕಡಿಮೆ. ಒಂದು ಮೀಟರ್ ಆಳದಲ್ಲಿ ಈ ವ್ಯತ್ಯಾಸ ಹತ್ತು ಡಿಗ್ರಿಗಿಂತ ಹೆಚ್ಚಾದರೆ, ನೀರಾವಿ ಬೆಚ್ಚಗಿನ ಹರಳಿನಿಂದ ಎದ್ದು ಮೇಲಿನ ತಣ್ಣಗಿನ ಹರಳಿನ ತಳಕ್ಕೆ ಅಂಟುತ್ತ ಹೋಗಿ, ದುಂಡಗಿದ್ದ ಕಣಗಳು ಕೋನಕೋನವಾಗಿ, ಒಂದಕ್ಕೊಂದು ಅಂಟದ ಸಕ್ಕರೆಯಂಥ ಪದರವಾಗುತ್ತವೆ. ಜರ್ಮನಿಯ ಭೂವಿಜ್ಞಾನಿ ವಿಲ್ಹೆಲ್ಮ್ ಪೌಲ್ಕೆ ಈ ಪದರದ ಅಪಾಯವನ್ನು ಮೊದಲು ಗಂಭೀರವಾಗಿ ಅಧ್ಯಯನ ಮಾಡಿದವರಲ್ಲೊಬ್ಬರು. 1897ರಲ್ಲಿ ಬರ್ನ್ ಪ್ರಾಂತದ ಆಲ್ಪ್ಸನ್ನು ಸ್ಕೀಗಳ ಮೇಲೆ ದಾಟಿದವರೂ ಅವರೇ. ಇದರ ಮೇಲೆ ಗಾಳಿ ತಂದು ಹೇರಿದ ಗಟ್ಟಿ ಹಲಗೆಯಂಥ ಹಿಮವಿದ್ದು, ಇಳಿಜಾರು 30 ಡಿಗ್ರಿಗಿಂತ ಕಡಿದಾಗಿದ್ದರೆ, ಒಬ್ಬನ ಭಾರಕ್ಕೆ ಅಡಿಯ ಪದರ ಕುಸಿದು ಬಿರುಕು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಹರಡುತ್ತದೆ. ಸಮತಟ್ಟಾದ ಜಾಗದಲ್ಲಿ ಅಂಥ ಕುಸಿತವಾದಾಗ 'ವೂಂಫ್' ಎಂಬ ಮಂದ ಸದ್ದು ಕೇಳಿಸುತ್ತದೆ. ಸದ್ದಿನಿಂದ ಕುಸಿತವಾಗುತ್ತದೆಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದಲೇ ಇರಬಹುದೆಂದು ನನಗೆ ಅನುಮಾನ, ಏಕೆಂದರೆ ಕುಸಿತವೂ ಸದ್ದೂ ಒಟ್ಟಿಗೇ ಬರುತ್ತವೆ.

ಹೂತುಹೋದವರನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಹೆಚ್ಚಿನವರು ಉಸಿರುಕಟ್ಟಿ ಸಾಯುತ್ತಾರೆ. ಅದಕ್ಕಾಗಿ ತಂಡದ ಪ್ರತಿಯೊಬ್ಬರೂ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಸಾಧನವನ್ನು ಎದೆಗೆ ಕಟ್ಟಿಕೊಂಡು, ಸಲಿಕೆ ಮತ್ತು ಹಿಮದೊಳಗೆ ಚುಚ್ಚಿ ಹುಡುಕುವ, ಮಡಚಬಲ್ಲ ಸರಳನ್ನು ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ. ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹೂತು, 8ರಂದು ಜೀವಂತವಾಗಿ ಸಿಕ್ಕದ್ದನ್ನು ನಾವೆಲ್ಲ ಪವಾಡವೆಂದು ಕರೆದೆವು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಅಷ್ಟು ದಿನ ಉಳಿಯುವುದು ಅತ್ಯಂತ ಅಪರೂಪ. ಅದನ್ನು ನಂಬಿಕೊಂಡು ಯಾರೂ ಸಲಿಕೆ ಬಿಟ್ಟು ಹೋಗಬಾರದು.

ದಾವೋಸ್‌ನಲ್ಲಿರುವ ಹಿಮ ಸಂಶೋಧನಾ ಸಂಸ್ಥೆ ಪ್ರತಿ ಸಂಜೆ ಮರುದಿನದ ಅಪಾಯವನ್ನು ಒಂದರಿಂದ ಐದರವರೆಗಿನ ಮಟ್ಟಗಳಲ್ಲಿ ಪ್ರಕಟಿಸುತ್ತದೆ. ಹಟ್‌ಗಳ ಗೋಡೆಯ ಮೇಲೆ ಅದು ಅಂಟಿಸಿರುತ್ತದೆ. ಹೆಚ್ಚು ಜನ ಸಾಯುವುದು ಐದನೆಯ ಮಟ್ಟದ ದಿನಗಳಲ್ಲಲ್ಲ, ಆಗ ಯಾರೂ ಹೊರಗೆ ಹೋಗುವುದಿಲ್ಲ. ಮೂರನೆಯ ಮಟ್ಟದ, ನೋಡಲು ಚೆಂದವಾದ ದಿನಗಳಲ್ಲಿ. ಕೊನೆಯ ದಿನ ವಿನ್ಯೆಟ್ ಹಟ್‌ನಿಂದ ಮೂರು ಕಣಿವೆಮಾರ್ಗಗಳನ್ನು ಹತ್ತಿ ಇಳಿದು, 3,500 ಮೀಟರ್‌ಗೂ ಎತ್ತರದ ವಾಲ್ಪೆಲಿನ್ ದಾಟಿ, ಮ್ಯಾಟರ್‌ಹಾರ್ನ್ ಶಿಖರದ ಪಕ್ಕದಿಂದ ಜೆರ್ಮಾಟ್‌ಗೆ ಇಳಿಯಬೇಕು. ಇಷ್ಟೆಲ್ಲ ಹಿಮ ಮೆತ್ತಗಾಗುವ ಮೊದಲೇ ಮುಗಿಯಬೇಕಾದ್ದರಿಂದ ಹಿಂದಿನ ರಾತ್ರಿ ಮೋಡ ಕವಿದಿದ್ದರೆ ಹೆಚ್ಚಿನ ಮಾರ್ಗದರ್ಶಿಗಳು ಚರ್ಚೆಗೂ ಅವಕಾಶ ಕೊಡುವುದಿಲ್ಲ. ವಿನ್ಯೆಟ್‌ನಿಂದ ಅರೊಲ್ಲಾ ಹಳ್ಳಿಗೆ ನೇರವಾಗಿ ಇಳಿದು, ಅಲ್ಲಿಂದ ಹಳದಿ ಬಣ್ಣದ ಅಂಚೆ ಬಸ್ಸಿನಲ್ಲಿ ಸಿಯೋನ್ ಪಟ್ಟಣಕ್ಕೂ, ರೈಲಿನಲ್ಲಿ ಜೆರ್ಮಾಟ್‌ಗೂ ತಂಡವನ್ನು ತಲುಪಿಸುತ್ತಾರೆ. ಆ ದಿನದ ಸಂಭಾವನೆಯಲ್ಲಿ ಯಾವ ಕಡಿತವೂ ಇರುವುದಿಲ್ಲ, ಇರಲೂ ಬಾರದು.