ಹೊರಪಾಪೆ: ಸ್ಪಾಟಿಂಗ್ ಸ್ಕೋಪ್ ಕೊಳ್ಳುವ ಮುನ್ನ ತಿಳಿಯಬೇಕಾದ ಪದ

ಹಕ್ಕಿ ನೋಡುವುದಕ್ಕೆಂದು ಸ್ಪಾಟಿಂಗ್ ಸ್ಕೋಪ್, ಅಂದರೆ ಒಂದೇ ಕಣ್ಣಿನಿಂದ ನೋಡುವ ದೂರದರ್ಶಕ, ಕೊಳ್ಳಲು ಹೊರಟವರು ಮೊದಲು ಕೇಳುವುದು ಅದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ಎಂಬುದನ್ನು. ಮಾರುವವರೂ ಪೆಟ್ಟಿಗೆಯ ಮೇಲೆ ಆ ಅಂಕಿಯನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಬಾಗಲಕೋಟೆಯ ಹಿನ್ನೀರಿನ ದಂಡೆಯಲ್ಲಿ ಹಲವು ಚಳಿಗಾಲಗಳನ್ನು ಕಳೆದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಆ ಅಂಕಿಗಿಂತ ಮೊದಲು ತಿಳಿದುಕೊಳ್ಳಬೇಕಾದ ಅಂಕಿ ಇನ್ನೊಂದಿದೆ. ಅದನ್ನು ಇಂಗ್ಲಿಷಿನಲ್ಲಿ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಈ ಬರಹದಲ್ಲಿ ಅದನ್ನು ಹೊರಪಾಪೆ ಎಂದು ಕರೆಯುತ್ತೇನೆ.

ಪಾಪೆ ಎಂಬ ಮಾತನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಣ್ಣಿನ ನಡುವೆ ಇರುವ, ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಕಪ್ಪು ರಂಧ್ರಕ್ಕೆ ಕನ್ನಡದಲ್ಲಿ ಪಾಪೆ ಎನ್ನುತ್ತೇವೆ. ಅದೇ ಪದಕ್ಕೆ ಗೊಂಬೆ ಎಂಬ ಅರ್ಥವೂ ಉಂಟು. ತಮಿಳಿನ ಪಾವೈ ಕೂಡ ಗೊಂಬೆಯೂ ಹೌದು, ಕಣ್ಣಿನ ಪಾಪೆಯೂ ಹೌದು. ಸಂಸ್ಕೃತದ ಕನೀನಿಕಾ ಎಂಬುದಕ್ಕೆ ಎಳೆಯ ಹುಡುಗಿ, ಕಣ್ಣಪಾಪೆ ಎಂಬ ಎರಡೂ ಅರ್ಥಗಳಿವೆ. ಲ್ಯಾಟಿನ್ನಿನ ಪ್ಯುಪಿಲ್ಲಾ ಎಂದರೆ ಪುಟ್ಟ ಹುಡುಗಿ ಅಥವಾ ಗೊಂಬೆ, ಇಂಗ್ಲಿಷಿನ ಪ್ಯೂಪಿಲ್ ಬಂದದ್ದು ಅಲ್ಲಿಂದ. ಎದುರಿಗಿರುವವರ ಕಣ್ಣನ್ನು ಹತ್ತಿರದಿಂದ ದಿಟ್ಟಿಸಿದರೆ ನಮ್ಮದೇ ಬಿಂಬ ಅಲ್ಲಿ ಗೊಂಬೆಯಷ್ಟು ಚಿಕ್ಕದಾಗಿ ಕಾಣುತ್ತದೆ. ಅದನ್ನು ಕಂಡು ಇಷ್ಟು ಭಾಷೆಗಳು ಒಂದೇ ಬಗೆಯ ಹೆಸರು ಕೊಟ್ಟಿವೆ. ಸ್ಕೋಪಿನ ಹೊರಪಾಪೆಯೂ ನಿಜವಾಗಿ ಒಂದು ಬಿಂಬವೇ. ಮುಂದಿನ ದೊಡ್ಡ ಮಸೂರದ ಬಿಂಬವನ್ನು ಐಪೀಸ್, ಅಂದರೆ ನಾವು ಕಣ್ಣಿಡುವ ತುದಿಯ ಮಸೂರ, ತನ್ನ ಹಿಂದೆ, ಗಾಳಿಯಲ್ಲಿ, ಕಿರಿದಾಗಿ ಮೂಡಿಸುತ್ತದೆ. ಸ್ಕೋಪಿನೊಳಗೆ ಹಾದುಬಂದ ಬೆಳಕೆಲ್ಲ ಆ ಪುಟ್ಟ ವೃತ್ತದ ಮೂಲಕವೇ ಹೊರಬರಬೇಕು.

ಇದನ್ನು ಬರಿಗಣ್ಣಿನಿಂದಲೇ ನೋಡಬಹುದು. ಸ್ಕೋಪನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಬಿಸಿಲು ಬಿದ್ದ ಸುಣ್ಣದ ಗೋಡೆಗೋ ಸೂರ್ಯನಿರುವ ದಿಕ್ಕನ್ನು ಬಿಟ್ಟು ಉಳಿದ ತಿಳಿ ಆಕಾಶಕ್ಕೋ ತಿರುಗಿಸಿ, ಐಪೀಸಿನಿಂದ ಒಂದು ಗೇಣು ಹಿಂದೆ ಸರಿದು ನೋಡಿದರೆ, ಕಪ್ಪು ಗಾಜಿನ ನಡುವೆ ಬೆಳಕಿನ ಒಂದು ದುಂಡನೆಯ ಚುಕ್ಕೆ ತೇಲುತ್ತಿರುತ್ತದೆ. ಐಪೀಸಿನ ಹಿಂದೆ ಬಟರ್ ಪೇಪರಿನ ತುಂಡೊಂದನ್ನು ಹಿಡಿದು ಮುಂದೆ ಹಿಂದೆ ಸರಿಸಿದರೆ ಒಂದು ಜಾಗದಲ್ಲಿ ಆ ಚುಕ್ಕೆಯ ಅಂಚು ಗೆರೆ ಕೊರೆದಂತೆ ಸ್ಪಷ್ಟವಾಗುತ್ತದೆ. 80 ಮಿಲಿಮೀಟರ್ ಮಸೂರದ, 20ರಿಂದ 60 ಪಟ್ಟಿನ ಜೂಮ್ ಐಪೀಸ್ ಇರುವ ಸ್ಕೋಪಿನಲ್ಲಿ ನಾನು ಹೀಗೆ ಮಾಡಿ ನೋಡಿದ್ದೇನೆ. 20 ಪಟ್ಟಿನಲ್ಲಿ ಚುಕ್ಕೆ ಬಿಳಿಜೋಳದ ಕಾಳಿನಷ್ಟಿತ್ತು. ಜೂಮಿನ ಬಳೆಯನ್ನು 40ಕ್ಕೆ ತಿರುಗಿಸಿದಾಗ ಅದು ನವಣೆಯ ಕಾಳಾಯಿತು, 60ಕ್ಕೆ ತಂದಾಗ ಸಾಸಿವೆಯಾಯಿತು.

ಲೆಕ್ಕ ಸರಳ. ಮುಂದಿನ ಮಸೂರದ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಪಟ್ಟಿನಿಂದ ಭಾಗಿಸಿದರೆ ಹೊರಪಾಪೆಯ ವ್ಯಾಸ ಸಿಗುತ್ತದೆ. 80 ಮಿ.ಮೀ. ಸ್ಕೋಪಿಗೆ 20 ಪಟ್ಟಿನಲ್ಲಿ 4 ಮಿ.ಮೀ., 40ರಲ್ಲಿ 2, 60ರಲ್ಲಿ ಸುಮಾರು 1.3. ಅದೇ 65 ಮಿ.ಮೀ. ಸ್ಕೋಪಾದರೆ 20ರಲ್ಲಿ 3.25, 60ರಲ್ಲಿ ಬರೀ 1.1. ಕೊರಳಿಗೆ ಹಾಕಿಕೊಂಡು ತಿರುಗುವ 8×42 (8 ಪಟ್ಟು, 42 ಮಿ.ಮೀ. ಮಸೂರ) ಬೈನಾಕ್ಯುಲರಿನ ಹೊರಪಾಪೆ 5.25 ಮಿ.ಮೀ. ಇರುವುದರಿಂದಲೇ ಅದರಲ್ಲಿ ನೋಟ ಅಷ್ಟು ನಿರಾಳವಾಗಿರುತ್ತದೆ.

ಈ ವೃತ್ತ ಬಂದು ಬೀಳುವುದು ನಮ್ಮ ಕಣ್ಣಪಾಪೆಯ ಮೇಲೆ. ನಮ್ಮ ಪಾಪೆ ನಡುಹಗಲಿನ ಬಿಸಿಲಿನಲ್ಲಿ 2ರಿಂದ 3 ಮಿ.ಮೀ.ಗೆ ಕುಗ್ಗುತ್ತದೆ, ಕತ್ತಲಲ್ಲಿ, ಎಳೆಯ ವಯಸ್ಸಿನಲ್ಲಿ, 7 ಮಿ.ಮೀ.ವರೆಗೂ ಅರಳುತ್ತದೆ, ವಯಸ್ಸಾದಂತೆ ಅಷ್ಟು ಅರಳುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಹೊರಪಾಪೆ ಕಣ್ಣಪಾಪೆಗಿಂತ ದೊಡ್ಡದಾದರೆ ಹೆಚ್ಚಿನ ಬೆಳಕು ಕಣ್ಣಿನ ಹೊರಗೇ ಚೆಲ್ಲಿಹೋಗುತ್ತದೆ. ಮಧ್ಯಾಹ್ನ 2.5 ಮಿ.ಮೀ.ಗೆ ಕುಗ್ಗಿದ ಕಣ್ಣಿನಿಂದ 80 ಮಿ.ಮೀ. ಸ್ಕೋಪನ್ನು 20 ಪಟ್ಟಿನಲ್ಲಿ ನೋಡುವವನು ವಾಸ್ತವದಲ್ಲಿ ಆ ಮಸೂರದ ನಡುವಿನ 50 ಮಿ.ಮೀ.ಯನ್ನಷ್ಟೇ ಬಳಸುತ್ತಿರುತ್ತಾನೆ, ಹೀಗಾಗಿ ಆ ಹೊತ್ತಿನಲ್ಲಿ ಪಕ್ಕದವನ 65 ಮಿ.ಮೀ. ಸ್ಕೋಪಿಗಿಂತ ಅವನದು ಹೆಚ್ಚು ಬೆಳಗಿ ಕಾಣುವುದಿಲ್ಲ. ಸಂಜೆಯ ಮಾತೇ ಬೇರೆ. ಕಣ್ಣು ಅರಳಿರುತ್ತದೆ, ಬೆಳಕು ಸಾಲದಾಗಿರುತ್ತದೆ, ಬಿಂಬದ ಹೊಳಪು ಹೊರಪಾಪೆಯ ವ್ಯಾಸದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಜೋಳದ ಕಾಳನ್ನು ಸಾಸಿವೆ ಮಾಡಿದವನಿಗೆ, ಅಂದರೆ 20ರಿಂದ 60 ಪಟ್ಟಿಗೆ ಏರಿಸಿದವನಿಗೆ, ಉಳಿಯುವ ಹೊಳಪು ಒಂಬತ್ತರಲ್ಲಿ ಒಂದು ಪಾಲು. 1 ಮಿ.ಮೀ.ಗಿಂತ ಕೆಳಗಿಳಿದರೆ ಬಿಂಬ ಮಬ್ಬಾಗುವುದಷ್ಟೇ ಅಲ್ಲ, ನಮ್ಮ ಕಣ್ಣೊಳಗಿನ ದ್ರವದಲ್ಲಿ ತೇಲುವ ಎಳೆಗಳು ಹುಳುವಿನಂತೆ ಎದುರಿಗೆ ಹರಿದಾಡತೊಡಗುತ್ತವೆ.

ನನ್ನ ಮೊದಲ ಸ್ಕೋಪು 60 ಮಿ.ಮೀ.ಯದು, 60 ಪಟ್ಟಿನ ವರೆಗೆ ಜೂಮ್ ಆಗುವಂಥದ್ದು. ಆ 60 ಎಂಬ ಅಂಕಿಯನ್ನು ನೋಡಿಯೇ ಕೊಂಡಿದ್ದೆ. ಅದರ ಹೊರಪಾಪೆ ಅಲ್ಲಿ ನಿಖರವಾಗಿ 1 ಮಿ.ಮೀ. ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ. ಹೆರಕಲ್ಲಿನ ಕಡೆ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಸಂಜೆ ನೀರಿಗಿಳಿಯುವಾಗ, ಬಿಳಿಯ ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳನ್ನು ಎಣಿಸಬೇಕೆಂದು ಪೂರಾ 60ಕ್ಕೆ ತಿರುಗಿಸಿದೆ. ಒಲೆಯ ಹೊಗೆಯ ಆಚೆಗಿನ ನೆರಳುಗಳಂತೆ ಬೂದು ಆಕಾರಗಳು ಕಂಡವು, ಪಟ್ಟೆಗಳು ಕಾಣಲಿಲ್ಲ. ಆ ಹಕ್ಕಿಗಳು ಹಿಮಾಲಯ ದಾಟಿ ಇಲ್ಲಿಗೆ ಬರುವಂಥವು. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅಂಥ ಪಟ್ಟಿಯ ಮೇಲಿನ ಅಕ್ಷರವನ್ನು ಓದಿ ದಾಖಲಿಸುವ ಅವಕಾಶವನ್ನು ಒಂದು ತಪ್ಪು ಅಂಕಿಗಾಗಿ ಯಾರೂ ಕಳೆದುಕೊಳ್ಳಬಾರದು ಎಂಬುದು ನನ್ನ ಮನಸ್ಸಿನಲ್ಲಿರುವ ಮಾತು.

ನಮ್ಮ ನೆಲದ ಸ್ವಭಾವವೂ ಈ ಲೆಕ್ಕದಲ್ಲಿ ಸೇರಬೇಕು. ಆಲಮಟ್ಟಿ ಜಲಾಶಯ ತನ್ನ ಪೂರ್ಣ ಮಟ್ಟವಾದ 519.60 ಮೀಟರಿಗೆ ತುಂಬಿ, ಚಳಿಗಾಲ ಕಳೆದಂತೆ ಹಿನ್ನೀರು ಇಳಿಯತೊಡಗಿದಾಗ ದಂಡೆಗೂ ಹಕ್ಕಿಗೂ ನಡುವೆ ಅಗಲವಾದ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಎರೆಮಣ್ಣಿನ ಆ ಕೆಸರಿನಲ್ಲಿ ಹೆಜ್ಜೆ ಇಟ್ಟರೆ ಮೊಣಕಾಲುದ್ದ ಹೂತುಹೋಗುತ್ತೇವೆ. ರಾಜಹಂಸಗಳು ಅದರ ಆಚೆ, ತೆಳುನೀರಿನಲ್ಲಿ ನಿಂತಿರುತ್ತವೆ. ಕೊಕ್ಕಿನ ಬುಡ ತಿಳಿಗುಲಾಬಿಯೋ, ಇಡೀ ಕೊಕ್ಕು ಕಡುಗೆಂಪೋ ಎಂದು ನೋಡಿ ದೊಡ್ಡ ಜಾತಿಯನ್ನೂ ಸಣ್ಣ ಜಾತಿಯನ್ನೂ ಬೇರ್ಪಡಿಸಬೇಕಾದರೆ ಬೈನಾಕ್ಯುಲರ್ ಸಾಲದು, ಸ್ಕೋಪೇ ಬೇಕು. ಆದರೆ ಬೆಳಗಿನ ಹತ್ತು ಗಂಟೆ ದಾಟಿತೆಂದರೆ ಬಯಲಿನ ಮೇಲೆ ಬಿಸಿಲ ಝಳ ಏಳುತ್ತದೆ, ಬಿಸಿಲ್ಗುದುರೆ ಓಡತೊಡಗುತ್ತದೆ, ಪಟ್ಟು ಹೆಚ್ಚಿಸಿದಷ್ಟೂ ಆ ನಡುಕವೇ ದೊಡ್ಡದಾಗಿ ಕಾಣುತ್ತದೆ. ಹೀಗಾಗಿ ಈ ಸೀಮೆಯಲ್ಲಿ ಹಗಲಿನಲ್ಲಿ ಗಾಳಿಯೂ, ಮುಂಜಾವು ಸಂಜೆಗಳಲ್ಲಿ ಹೊರಪಾಪೆಯೂ ನಮ್ಮನ್ನು 25ರಿಂದ 35 ಪಟ್ಟಿನೊಳಗೇ ಕಟ್ಟಿಹಾಕುತ್ತವೆ. ಬೆಳಗಾವಿ ಜಿಲ್ಲೆಯ ಧೂಪದಾಳ ಬಾಂದಾರದ ಸುತ್ತ 29.78 ಚದರ ಕಿಲೋಮೀಟರ್ ಹರಡಿದ ಘಟಪ್ರಭಾ ಪಕ್ಷಿಧಾಮದಲ್ಲಿ, ದಂಡೆಯ ಮರಗಳ ನೆರಳಿನಲ್ಲಿ ಕುಳಿತ ಹಕ್ಕಿಯನ್ನು ನೋಡುವಾಗಲೂ ಕಡಿಮೆ ಪಟ್ಟು, ದೊಡ್ಡ ಹೊರಪಾಪೆಯೇ ನೆರವಿಗೆ ಬರುತ್ತದೆ.

ಐಪೀಸಿನ ಆಯ್ಕೆ ಇಲ್ಲಿಂದಲೇ ಹೊರಡುತ್ತದೆ. ಸ್ಕೋಪಿನ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಪಟ್ಟು ಸಿಗುತ್ತದೆ, 480 ಮಿ.ಮೀ. ಸ್ಕೋಪಿಗೆ 16 ಮಿ.ಮೀ. ಐಪೀಸ್ ಹಾಕಿದರೆ 30. ಒಂದೇ ಪಟ್ಟಿನ ಅಗಲನೋಟದ ಐಪೀಸ್ ಒಂದು ಬಗೆ, ಜೂಮ್ ಇನ್ನೊಂದು ಬಗೆ. ಜೂಮಿನ ಒಂದು ದೋಷವನ್ನು ಅಂಗಡಿಯವರು ಹೇಳುವುದಿಲ್ಲ. ಸಾಮಾನ್ಯ ಜೂಮುಗಳ ನೋಟ ಕಡಿಮೆ ಪಟ್ಟಿನಲ್ಲಿಯೇ ಹೆಚ್ಚು ಇಕ್ಕಟ್ಟು, ಕೊಳವೆಯೊಳಗಿಂದ ಇಣುಕಿದಂತೆ. ಹಕ್ಕಿಯನ್ನು ಹುಡುಕಬೇಕಾದದ್ದಾದರೋ ಆ ಕಡಿಮೆ ಪಟ್ಟಿನಲ್ಲಿಯೇ. ಕಣ್ಣಿಗೆ 60 ಡಿಗ್ರಿಯಷ್ಟು ಅಗಲ ತೋರುವ 30 ಪಟ್ಟಿನ ಐಪೀಸು 2 ಡಿಗ್ರಿಯ ನಿಜವಾದ ಹರಹನ್ನು, ಅಂದರೆ ಒಂದು ಕಿಲೋಮೀಟರ್ ದೂರದಲ್ಲಿ 35 ಮೀಟರ್ ಅಗಲವನ್ನು, ಒಂದೇ ನೋಟಕ್ಕೆ ಕೊಡುತ್ತದೆ. ವಿಶಾಲವಾದ ಹಿನ್ನೀರಿನಲ್ಲಿ ಬಾತುಗಳ ಹಿಂಡನ್ನು ಎಣಿಸುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಒಂದೇ ಐಪೀಸ್ ಕೊಳ್ಳುವ ಶಕ್ತಿ ಇರುವವರು 25 ಅಥವಾ 30 ಪಟ್ಟಿನ ಅಗಲನೋಟದ್ದನ್ನೇ ಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ; ಕೊರಳಪಟ್ಟಿ ಓದುವ, ಕಾಲುಂಗುರ ಗುರುತಿಸುವ ಕೆಲಸ ಮಾಡುವವರಿಗೆ ಮಾತ್ರ ಜೂಮ್ ನಿಜಕ್ಕೂ ಬೇಕು. ಖಗೋಳ ದೂರದರ್ಶಕಕ್ಕೆ ಬಳಸುವ 1.25 ಇಂಚಿನ ಐಪೀಸುಗಳು ಕೂರುವ ಸ್ಕೋಪುಗಳೂ ಇವೆ. ಆಗ ಆಯ್ಕೆ ಹಿಗ್ಗುತ್ತದೆ, ಆದರೆ ಅಂಥ ಐಪೀಸುಗಳಲ್ಲಿ ಹಲವು ಮಳೆ ಧೂಳುಗಳನ್ನು ತಡೆಯುವಂಥವಲ್ಲ.

ಹೊರಪಾಪೆ ಎಷ್ಟು ದೊಡ್ಡದು ಎಂಬುದರ ಜೊತೆಗೆ ಅದು ಐಪೀಸಿನಿಂದ ಎಷ್ಟು ಹಿಂದೆ ಮೂಡುತ್ತದೆ ಎಂಬುದನ್ನೂ ಕೇಳಬೇಕು. ಆ ಅಂತರಕ್ಕೆ ಐ ರಿಲೀಫ್ ಎಂದು ಹೆಸರು. ಬಟರ್ ಪೇಪರಿನ ಮೇಲೆ ಚುಕ್ಕೆ ಸ್ಪಷ್ಟವಾದ ಜಾಗವೇ ಅದು. ಕಣ್ಣನ್ನು ಅಲ್ಲಿಗೇ ತಂದು ನಿಲ್ಲಿಸಬೇಕು. ಚಾಳೀಸು ಹಾಕುವವರ ಕಣ್ಣು ಗಾಜಿನ ಹಿಂದೆ ಉಳಿಯುವುದರಿಂದ ಅವರಿಗೆ ಈ ಅಂತರ ಕಡಿಮೆಯೆಂದರೂ 15 ಮಿ.ಮೀ., ಸಾಧ್ಯವಾದರೆ 18 ಮಿ.ಮೀ. ಬೇಕು, ಇಲ್ಲವಾದರೆ ನೋಟದ ಅಂಚೆಲ್ಲ ಕತ್ತರಿಸಿಹೋಗುತ್ತದೆ. ಹೊರಪಾಪೆ ಚಿಕ್ಕದಾದಷ್ಟೂ ಕಣ್ಣನ್ನು ಕೂದಲೆಳೆಯಷ್ಟೂ ಆಚೀಚೆ ಸರಿಸುವಂತಿಲ್ಲ. ಸರಿದರೆ ಕಪ್ಪು ನೆರಳೊಂದು ಹೆಬ್ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ.

ಉಳಿದವುಗಳನ್ನು ಬೇಗ ಹೇಳಿಬಿಡಬಹುದು. 80 ಮಿ.ಮೀ. ಮಸೂರ 65ರದ್ದಕ್ಕಿಂತ ಒಂದೂವರೆ ಪಟ್ಟು ಬೆಳಕು ಹಿಡಿಯುತ್ತದೆ, ಆದರೆ ಅದರ ತೂಕವನ್ನೂ ಅದಕ್ಕೆ ತಕ್ಕ ಟ್ರೈಪಾಡಿನ ತೂಕವನ್ನೂ ಹೊರಬೇಕು. ಬೈಕಿನ ಮೇಲೆ ಬದುವಿನಿಂದ ಬದುವಿಗೆ ತಿರುಗುವವರಿಗೆ 65 ಸಾಕು. ಬಣ್ಣಗಳನ್ನು ಕಡಿಮೆ ಚದುರಿಸುವ ಇ.ಡಿ. (ED) ಗಾಜಿನ ಮಸೂರಕ್ಕೆ ಹೆಚ್ಚು ಹಣ ಕೊಡುವುದು ವ್ಯರ್ಥವಲ್ಲ, ಕಪ್ಪು ನೀರಿನ ಮೇಲಿನ ಬಿಳಿ ಬೆಳ್ಳಕ್ಕಿಯ ಅಂಚಿನಲ್ಲಿ ಮೂಡುವ ನೇರಳೆ ಗೆರೆಯನ್ನು ಅದು ಬಹುಮಟ್ಟಿಗೆ ಅಳಿಸುತ್ತದೆ. ಐಪೀಸು 45 ಡಿಗ್ರಿ ಓರೆಯಾಗಿರುವ ಸ್ಕೋಪನ್ನು ತಗ್ಗಿಸಿ ನಿಲ್ಲಿಸಬಹುದಾದ್ದರಿಂದ ನಮ್ಮ ಬಯಲಿನ ಗಾಳಿಗೆ ಅದು ಅಷ್ಟಾಗಿ ಅಲುಗುವುದಿಲ್ಲ, ಎತ್ತರ ಬೇರೆಬೇರೆಯಾಗಿರುವ ನಾಲ್ಕು ಜನ ಸರದಿಯಲ್ಲಿ ನೋಡುವುದಕ್ಕೂ ಅನುಕೂಲ.

ಕಳೆದ ಚಳಿಗಾಲದ ಒಂದು ಮುಂಜಾನೆ ಬೀಳಗಿ ಕಡೆಯ ದಂಡೆಯಲ್ಲಿ, ಕೆಸರಿನ ಮೇಲೆ ಗುಬ್ಬಿಯಷ್ಟೇ ಗಾತ್ರದ ಸ್ಟಿಂಟ್ ಹಕ್ಕಿಗಳು ಓಡಾಡುತ್ತಿದ್ದವು. ಲಿಟ್ಲ್ ಸ್ಟಿಂಟಿನ ಕಾಲು ಕಪ್ಪು, ಟೆಮಿಂಕ್ಸ್ ಸ್ಟಿಂಟಿನ ಕಾಲು ಹಳದಿ ಛಾಯೆಯದು. ಎರಡನ್ನೂ ಬೇರ್ಪಡಿಸಲು ಅದಕ್ಕಿಂತ ನೆಚ್ಚಬಹುದಾದ ಗುರುತು ದೂರದಿಂದ ಸಿಗುವುದು ಕಷ್ಟ. ಮಂದ ಬೆಳಕಿನಲ್ಲಿ ನಾನು 60 ಪಟ್ಟಿನಲ್ಲಿ ನೋಡಿ, ಬಣ್ಣವೇ ತಿಳಿಯದೆ ಒದ್ದಾಡುತ್ತಿದ್ದೆ. ಬಲೆ ಹೆಗಲಿಗೇರಿಸಿಕೊಂಡು ಬಂದ ಹಿರಿಯರೊಬ್ಬರು ನಿಂತು, ‘ಎಷ್ಟು ದೂರದ್ದು ಕಾಣಸ್ತೈತ್ರೀ ಸರ ಇದರಾಗ?’ ಎಂದು ಕೇಳಿದರು. ‘ಬರ್ರಿ ಕಾಕಾ, ನೀವs ನೋಡ್ರಿ’ ಎಂದು, ಅವರಿಗೆ ಸ್ಕೋಪಿನ ರೂಢಿ ಇಲ್ಲವೆಂಬ ಕಾರಣಕ್ಕೆ, ಕಣ್ಣು ಸುಲಭವಾಗಿ ಕೂರಲೆಂದು 25ಕ್ಕೆ ಇಳಿಸಿ ಕೊಟ್ಟೆ. ಅವರು ಒಂದು ಕಣ್ಣು ಮುಚ್ಚಿ, ಬಾಗಿ, ಬಹಳ ಹೊತ್ತು ನೋಡಿದರು. ‘ಹಕ್ಕಿ ಸಣ್ಣದು ಐತ್ರಿ’ ಎಂದರು. ಆಮೇಲೆ, ತಲೆ ಎತ್ತದೆಯೇ, ‘ಕಾಲು ಹಳದಿ ಅದಾವಲ್ರೀ ಅದರವು’ ಎಂದರು.